ಅಲಾಸ್ಕಾ ಕ್ರೂಸ್ ಟಿಪ್ಪಣಿ: ಮೊದಲು ಹತ್ತುವ ಊರು, ಆಮೇಲೆ ಮಿಕ್ಕಿದ್ದೆಲ್ಲ

ಅಲಾಸ್ಕಾ ಕ್ರೂಸ್ ಹುಡುಕಲು ಕೂತರೆ ಮೊದಲು ಕಣ್ಣಿಗೆ ಬೀಳುವುದು ಹಡಗಿನ ಹೆಸರು, ಆಮೇಲೆ ದರ. ಈ ಎರಡನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಎಲ್ಲಿ ಹತ್ತುತ್ತೀರಿ, ಎಲ್ಲಿ ಇಳಿಯುತ್ತೀರಿ? ಇದು ಗಟ್ಟಿಯಾದರೆ ಯಾವ ವೀಸಾ ಬೇಕು, ಎಷ್ಟು ರಜೆ ಬೇಕು, ಹಡಗು ಎಷ್ಟು ಓಲಾಡುತ್ತದೆ ಅನ್ನುವುದೆಲ್ಲ ಮುಕ್ಕಾಲು ಪಾಲು ತೀರ್ಮಾನವಾದ ಹಾಗೆ. ಊರಿಂದ ಬರುವ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬೇಕು ಅಂತ ಕೂತು ಓದಿದ್ದನ್ನು, ಮರೆಯುವ ಮೊದಲು ಇಲ್ಲಿ ಬರೆದಿಡುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಒಬ್ಬೊಬ್ಬರ ಬಳಿ ಒಂದೊಂದು ಥರದ ಕಾಗದ ಇದ್ದರೆ ಇದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಇರುವ ದಾರಿಗಳು

ದೊಡ್ಡ ಹಡಗುಗಳು ಓಡುವುದು ಹೆಚ್ಚುಕಮ್ಮಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ. ಸಾಮಾನ್ಯವಾಗಿ ಏಳು ರಾತ್ರಿಯ ಪ್ರವಾಸ. ಒಂದು, ಸಿಯಾಟಲ್‌ನಲ್ಲಿ ಹತ್ತಿ ಸಿಯಾಟಲ್‌ಗೇ ವಾಪಸ್. ಇನ್ನೊಂದು, ಕೆನಡಾದ ವ್ಯಾಂಕೂವರ್‌ನಲ್ಲಿ ಹತ್ತಿ ಅಲ್ಲಿಗೇ ವಾಪಸ್. ಮೂರನೆಯದು ಒಂದೇ ಕಡೆಯ ಪ್ರಯಾಣ: ವ್ಯಾಂಕೂವರ್‌ನಲ್ಲಿ ಹತ್ತಿ ಅಲಾಸ್ಕಾದ ಸೀವರ್ಡ್ ಅಥವಾ ವಿಟಿಯರ್‌ನಲ್ಲಿ ಇಳಿಯುವುದು, ಇಲ್ಲವೇ ಅದರ ಉಲ್ಟಾ. ಮೊದಲೆರಡರಲ್ಲಿ ಅಲಾಸ್ಕಾದ ಬಂದರು ಊರುಗಳಾದ ಜೂನೋ, ಸ್ಕ್ಯಾಗ್‌ವೇ, ಕೆಚಿಕನ್ ಕಡೆ ನೋಡಿಕೊಂಡು ಬರುತ್ತೀರಿ. ಮೂರನೆಯದರಲ್ಲಿ ಇನ್ನೂ ಉತ್ತರಕ್ಕೆ ಹೋಗುತ್ತೀರಿ, ಇಳಿದ ಮೇಲೆ ಆಂಕರೇಜ್ ಪೇಟೆ, ಡೆನಾಲಿ ರಾಷ್ಟ್ರೀಯ ಉದ್ಯಾನ ಕೂಡ ಸೇರಿಸಬಹುದು. ಆದರೆ ರಜೆ ಜಾಸ್ತಿ ಬೇಕು, ವಿಮಾನದ ಖರ್ಚೂ ಜಾಸ್ತಿ.

ಸಿಯಾಟಲ್‌ನಲ್ಲಿ ಹತ್ತಿ ಸೀವರ್ಡ್‌ನಲ್ಲಿ ಇಳಿಯಲು ಯಾಕೆ ಆಗಲ್ಲ?

ನನಗೆ ಎಲ್ಲಕ್ಕಿಂತ ತಡವಾಗಿ ಅರ್ಥವಾಗಿದ್ದು ಇದೇ. ಸಿಯಾಟಲ್ ಅಮೆರಿಕದ್ದು, ಸೀವರ್ಡ್ ಕೂಡ ಅಮೆರಿಕದ್ದು. ಅಪ್ಪ ಅಮ್ಮನ ಬಳಿ ಅಮೆರಿಕ ವೀಸಾ ಇದೆ. ಹಾಗಿದ್ದರೆ ಕೆನಡಾ ತಂಟೆಯೇ ಇಲ್ಲದೆ ನೇರವಾಗಿ ಹೋಗಬಹುದಲ್ವಾ? ಎಷ್ಟು ಹುಡುಕಿದರೂ ದೊಡ್ಡ ಹಡಗಿನಲ್ಲಿ ಅಂಥ ಪ್ರವಾಸ ಸಿಗುವುದಿಲ್ಲ. ಅದಕ್ಕೆ ಕಾರಣ 1886ರ ಒಂದು ಕಾನೂನು, ಪ್ಯಾಸೆಂಜರ್ ವೆಸೆಲ್ ಸರ್ವಿಸಸ್ ಆ್ಯಕ್ಟ್. ತುಂಬಾ ಜನ ಇದನ್ನು ಜೋನ್ಸ್ ಆ್ಯಕ್ಟ್ ಅನ್ನುತ್ತಾರೆ. ಅದು 1920ರ ಬೇರೆ ಕಾನೂನು, ಸರಕು ಸಾಗಣೆಗೆ ಸಂಬಂಧಿಸಿದ್ದು.

ಕಾನೂನಿನ ತಿರುಳು ಇಷ್ಟೇ. ವಿದೇಶಿ ಬಾವುಟದ ಹಡಗು ಅಮೆರಿಕದ ಒಂದು ಬಂದರಿನಿಂದ ಅಮೆರಿಕದ ಇನ್ನೊಂದು ಬಂದರಿಗೆ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ಕ್ರೂಸ್ ಕಂಪನಿಯ ಕಚೇರಿ ಅಮೆರಿಕದಲ್ಲೇ ಇರಬಹುದು, ಆದರೆ ಹಡಗು ನೋಂದಣಿಯಾಗಿರುವುದು ಬಹಾಮಾಸ್, ಬರ್ಮುಡಾ, ಪನಾಮಾ, ನೆದರ್‌ಲ್ಯಾಂಡ್ಸ್ ಇಂಥ ಕಡೆ. ಹಡಗಿನ ಹಿಂಭಾಗದ ಫೋಟೊ ತೆಗೆದು ನೋಡಿ. ದೊಡ್ಡ ಅಕ್ಷರದಲ್ಲಿ ಹಡಗಿನ ಹೆಸರು, ಅದರ ಕೆಳಗೆ ಚಿಕ್ಕದಾಗಿ ಒಂದು ಊರಿನ ಹೆಸರು ಇರುತ್ತದೆ. ನಾಸೌ ಅಂತಿದ್ದರೆ ಬಹಾಮಾಸ್, ಹ್ಯಾಮಿಲ್ಟನ್ ಅಂತಿದ್ದರೆ ಬರ್ಮುಡಾ. ಅಂಥ ಹಡಗಿಗೆಲ್ಲ ಈ ಕಾನೂನು ಅನ್ವಯಿಸುತ್ತದೆ.

ಈಗ ಇದರ ಎರಡು ಕವಲು ನೋಡಿ. ಹತ್ತಿದ ಊರಿಗೇ ವಾಪಸ್ ಬರುವುದಾದರೆ ದಾರಿಯಲ್ಲಿ ಯಾವುದಾದರೂ ಒಂದು ವಿದೇಶಿ ಬಂದರು ಮುಟ್ಟಿದರೆ ಸಾಕು, ಹತ್ತಿರದ್ದಾದರೂ ನಡೆಯುತ್ತದೆ. ಅದಕ್ಕೇ ಸಿಯಾಟಲ್‌ನಿಂದ ಹೊರಡುವ ಹಡಗುಗಳು ಕೊನೆಯ ಸಂಜೆ ಹೊತ್ತಿಗೆ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುವುದು. ರಾತ್ರಿ ಎಂಟಕ್ಕೆ ಬಂದು ನಡುರಾತ್ರಿಗೆ ಹೊರಡುವ ಬಂದರು ಯಾಕಪ್ಪಾ ಅಂತ ನಾನು ಸುಮಾರು ಸಲ ಯೋಚಿಸಿದ್ದೆ. ಆ ನಿಲುಗಡೆ ಇಲ್ಲದಿದ್ದರೆ ಪ್ರವಾಸವೇ ಕಾನೂನುಬದ್ಧ ಆಗುವುದಿಲ್ಲ. ಇನ್ನು ಹತ್ತುವ ಊರು ಬೇರೆ, ಇಳಿಯುವ ಊರು ಬೇರೆ, ಎರಡೂ ಅಮೆರಿಕದಲ್ಲಿ ಅಂದರೆ ಮಧ್ಯೆ ಒಂದು "ದೂರದ" ವಿದೇಶಿ ಬಂದರು ಮುಟ್ಟಲೇಬೇಕು. ಕೆನಡಾ, ಮೆಕ್ಸಿಕೊ ಆ ಲೆಕ್ಕಕ್ಕೆ ಬರುವುದಿಲ್ಲ. ದಕ್ಷಿಣ ಅಮೆರಿಕವೋ ಏಷ್ಯಾವೋ ಆಗಬೇಕು. ಒಂದು ವಾರದ ಅಲಾಸ್ಕಾ ಪ್ರವಾಸದಲ್ಲಿ ಅದು ಆಗದ ಮಾತು. ಹಾಗಾಗಿ ಒಂದೇ ಕಡೆಯ ಪ್ರವಾಸಗಳೆಲ್ಲ ವ್ಯಾಂಕೂವರ್‌ಗೆ ಅಂಟಿಕೊಂಡಿವೆ. ಹತ್ತುವುದು ಕೆನಡಾದಲ್ಲಿ, ಇಳಿಯುವುದು ಅಮೆರಿಕದಲ್ಲಿ, ಅಲ್ಲಿಗೆ ಕಾನೂನಿನ ಮಾತೇ ಏಳುವುದಿಲ್ಲ.

ಇನ್ನೂ ಒಂದು ಒಳಸುಳಿ ಇದೆ. ಸೀಸನ್ ಶುರುವಿನಲ್ಲಿ ಕೆಲವು ಹಡಗುಗಳು ಸಿಯಾಟಲ್‌ನಿಂದ ವ್ಯಾಂಕೂವರ್‌ಗೆ ಒಂದು ಚಿಕ್ಕ ಪ್ರವಾಸ ಮಾಡಿ, ಮಾರನೇ ಪ್ರವಾಸದಲ್ಲಿ ವ್ಯಾಂಕೂವರ್‌ನಿಂದ ಸೀವರ್ಡ್‌ಗೆ ಹೋಗುತ್ತವೆ ಅಂದುಕೊಳ್ಳಿ. ಎರಡನ್ನೂ ಜೋಡಿಸಿ ಬುಕ್ ಮಾಡಿದರೆ? ಎರಡು ಟಿಕೆಟ್ ಇದ್ದರೂ ಲೆಕ್ಕ ನಡೆಯುವುದು ಪ್ರಯಾಣಿಕನ ಮೇಲೆ: ನೀವು ಆ ಹಡಗನ್ನು ಮೊದಲು ಹತ್ತಿದ್ದು ಸಿಯಾಟಲ್, ಕೊನೆಗೆ ಇಳಿದಿದ್ದು ಸೀವರ್ಡ್. ಅಂದರೆ ಅಮೆರಿಕದಿಂದ ಅಮೆರಿಕಕ್ಕೆ. ತಲೆಗೆ ಇಷ್ಟು ಅಂತ ದಂಡ ಬೀಳುತ್ತದೆ, ಆದ್ದರಿಂದ ಕಂಪನಿಯೇ ಅಂಥ ಬುಕಿಂಗ್ ಬಿಡುವುದಿಲ್ಲ. ಎರಡನೇ ಪ್ರವಾಸಕ್ಕೆ ಬೇರೆ ಹಡಗು ಹಿಡಿದರೆ ತೊಂದರೆ ಇಲ್ಲ. ಇದೇ ಕಾರಣಕ್ಕೆ ಜೂನೋದಲ್ಲಿ ಇಳಿದು ಅಲ್ಲೇ ಉಳಿದುಬಿಡುತ್ತೇನೆ ಅನ್ನುವುದೂ ಸಿಯಾಟಲ್ ಹಡಗಿನಲ್ಲಿ ನಡೆಯುವುದಿಲ್ಲ.

ಕೆನಡಾ ಬೇಡವೇ ಬೇಡ ಅನ್ನುವವರಿಗೆ ಅಮೆರಿಕದ ಬಾವುಟದ ಹಡಗುಗಳಿವೆ. ಅನ್‌ಕ್ರೂಸ್ ಥರದ ಚಿಕ್ಕ ಹಡಗುಗಳು ಜೂನೋ, ಸಿಟ್ಕಾ ಕಡೆಯಿಂದಲೇ ಹೊರಡುತ್ತವೆ, ದರ ಮಾತ್ರ ದೊಡ್ಡ ಹಡಗಿಗಿಂತ ತುಂಬಾ ಜಾಸ್ತಿ. ಇನ್ನೊಂದು, ಅಲಾಸ್ಕಾ ಸರ್ಕಾರವೇ 1963ರಿಂದ ನಡೆಸುತ್ತಿರುವ ಅಲಾಸ್ಕಾ ಮರೀನ್ ಹೈವೇ ದೋಣಿ ಸೇವೆ. ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಹತ್ತಿ ಕೆಚಿಕನ್, ಜೂನೋ ಕಡೆ ಹೋಗಬಹುದು. ಕ್ರೂಸ್‌ನ ಸುಖ ಅದರಲ್ಲಿ ಇಲ್ಲ, ಕಾಣುವ ಕಾಡು, ಬೆಟ್ಟ, ನೀರು ಅದೇ.

ವೀಸಾ ಲೆಕ್ಕ

ಮೇಲಿನದು ಅರ್ಥವಾದರೆ ಇದು ಸಲೀಸು. ಯಾವ ದೊಡ್ಡ ಹಡಗು ಹಿಡಿದರೂ ಕೆನಡಾ ತಗಲುತ್ತದೆ. ಭಾರತದ ಪಾಸ್‌ಪೋರ್ಟ್ ಇರುವ ಅಪ್ಪ ಅಮ್ಮನಿಗೆ ಅಮೆರಿಕ ವಿಸಿಟರ್ ವೀಸಾ ಜೊತೆ ಕೆನಡಾ ವಿಸಿಟರ್ ವೀಸಾ ಕೂಡ ಬೇಕು. "ವಿಕ್ಟೋರಿಯಾದಲ್ಲಿ ನಾವು ಹಡಗಿಂದ ಇಳಿಯುವುದೇ ಇಲ್ಲ" ಅಂದರೂ ನಡೆಯುವುದಿಲ್ಲ, ಸಿಯಾಟಲ್‌ನಲ್ಲಿ ಹತ್ತುವಾಗಲೇ ಕಾಗದ ನೋಡುತ್ತಾರೆ. ಅಮೆರಿಕದಲ್ಲಿ ಎಚ್-1ಬಿ (ಕೆಲಸದ ವೀಸಾ), ಎಫ್-1 (ವಿದ್ಯಾರ್ಥಿ ವೀಸಾ) ಮೇಲೆ ಇರುವ ಭಾರತೀಯರಿಗೂ ಕೆನಡಾ ವೀಸಾ ಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಕೆನಡಾ ವೀಸಾ ಬೇಡ, ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡೂ ಕೈಯಲ್ಲಿರಬೇಕು. ಹೀಗೆ ಒಂದೇ ಮನೆಯಲ್ಲಿ ಮೂರು ಥರದ ಉತ್ತರ ಬರುತ್ತದೆ. ಆದ್ದರಿಂದ ಒಬ್ಬೊಬ್ಬರ ಹೆಸರಿನ ಮುಂದೆ ಪ್ರತ್ಯೇಕವಾಗಿ ಬರೆದುಕೊಳ್ಳಿ.

ಭಾರತದಿಂದ ನೇರವಾಗಿ ವ್ಯಾಂಕೂವರ್‌ಗೆ ಬಂದು ಹಡಗು ಹತ್ತುವವರಿಗೆ ಇನ್ನೊಂದು ವಿಷಯ. ಅಮೆರಿಕದ ಇಮಿಗ್ರೇಶನ್ ಆಗುವುದು ಅಲಾಸ್ಕಾದಲ್ಲಿ ಅಲ್ಲ, ವ್ಯಾಂಕೂವರ್‌ನ ಕೆನಡಾ ಪ್ಲೇಸ್ ಟರ್ಮಿನಲ್‌ನಲ್ಲಿ, ಹಡಗು ಹತ್ತುವ ಮೊದಲೇ. ಒಂದೇ ದಿನ ಮೂರು ಹಡಗು ಇದ್ದರೆ ಆ ಸಾಲು ಉದ್ದ ಇರುತ್ತದೆ. ವಯಸ್ಸಾದವರು ಇದ್ದರೆ ವೀಲ್‌ಚೇರ್ ಮೊದಲೇ ಕೇಳಿಡಿ.

ಹಿಮನದಿಯ ದಿನ

ಹೆಚ್ಚಿನ ಪ್ರವಾಸಗಳಲ್ಲಿ ಒಂದು ದಿನ ಹಿಮನದಿಗೆ ಮೀಸಲು. ಯಾವ ಹಿಮನದಿ ಅನ್ನುವುದು ಕಂಪನಿಯ ಮೇಲೆ ನಿಂತಿದೆ, ಇದನ್ನು ಓದದೆ ದುಡ್ಡು ಕಟ್ಟಬೇಡಿ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಎರಡೇ ದೊಡ್ಡ ಕ್ರೂಸ್ ಹಡಗು ಬಿಡುತ್ತಾರೆ. ಪ್ರಿನ್ಸೆಸ್, ಹಾಲೆಂಡ್ ಅಮೆರಿಕ ಕಂಪನಿಗಳಿಗೆ ಅಲ್ಲಿ ಜಾಸ್ತಿ ಅವಕಾಶ, ನಾರ್ವೇಜಿಯನ್‌ಗೂ ಇದೆ. ಅಲ್ಲಿ ಹಡಗು ದಡಕ್ಕೆ ಕಟ್ಟುವುದಿಲ್ಲ. ಪಾರ್ಕ್ ರೇಂಜರ್‌ಗಳು ಹಡಗಿಗೇ ಹತ್ತಿ ಬಂದು ದಿನವಿಡೀ ವಿವರಿಸುತ್ತಾರೆ. 1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್ ಕಡೆಯವರು ಇಲ್ಲಿ ಸಮೀಕ್ಷೆ ಮಾಡಿದಾಗ ಐದು ಮೈಲಿ ಒಳಗೇ ಹಿಮದ ಗೋಡೆ ಇತ್ತು. 1879ರಲ್ಲಿ ನಿಸರ್ಗತಜ್ಞ ಜಾನ್ ಮ್ಯೂರ್ ಬರುವ ಹೊತ್ತಿಗೆ ಅದು 40 ಮೈಲಿಗೂ ಜಾಸ್ತಿ ಹಿಂದೆ ಸರಿದಿತ್ತು. ಈಗ ಸುಮಾರು 65 ಮೈಲಿ. ನಿಮ್ಮ ಹಡಗು ಅಷ್ಟು ದೂರ ತೇಲಿಕೊಂಡು ಹೋಗುವುದು ಒಂದು ಕಾಲಕ್ಕೆ ಬರೀ ಹಿಮ ತುಂಬಿದ್ದ ಜಾಗದಲ್ಲಿ. ಇದನ್ನು ಓದಿದ ಮೇಲೆ ನನಗಂತೂ ಗ್ಲೇಸಿಯರ್ ಬೇ ಬಿಟ್ಟು ಬೇರೆ ಬೇಡ ಅನ್ನಿಸಿದೆ. ಒಳಗಿನ ಜಾನ್ಸ್ ಹಾಪ್ಕಿನ್ಸ್ ಕವಲಿಗೆ ಮೇಯಿಂದ ಆಗಸ್ಟ್‌ವರೆಗೆ ಕ್ರೂಸ್ ಹಡಗು ಬಿಡುವುದಿಲ್ಲ, ಸೀಲ್‌ಗಳು ತೇಲುವ ಹಿಮದ ಮೇಲೆ ಮರಿ ಹಾಕುವ ಜಾಗ ಅದು. ಸೆಪ್ಟೆಂಬರ್‌ನಲ್ಲಿ ಹೋದರೆ ಆ ಅವಕಾಶ ಉಂಟು.

ಹಬರ್ಡ್ ಹಿಮನದಿಯೂ ಕಡಿಮೆ ಏನಲ್ಲ. ಉದ್ದ ಸುಮಾರು 122 ಕಿ.ಮೀ., ಸುತ್ತಲಿನ ಹಿಮನದಿಗಳು ಹಿಂದೆ ಸರಿಯುತ್ತಿದ್ದರೆ ಇದು ಮುಂದೆ ಬರುತ್ತಿದೆ. 1986 ಮತ್ತು 2002ರಲ್ಲಿ ಪಕ್ಕದ ರಸೆಲ್ ಫ್ಯೋರ್ಡ್ ಅನ್ನುವ ಕಿರಿದಾದ ಕಡಲ ಕವಲಿನ ಬಾಯಿಯನ್ನೇ ಮುಚ್ಚಿತ್ತು. ಹಿಮನದಿ ಇರುವ ಇನ್ನೊಂದು ಕಡಲ ಕವಲು ಟ್ರೇಸಿ ಆರ್ಮ್ ಬಗ್ಗೆ ಹಳೆಯ ಪ್ರವಾಸ ಕಥನಗಳಲ್ಲಿ ತುಂಬಾ ಓದುತ್ತೀರಿ. 2025ರ ಆಗಸ್ಟ್‌ನಲ್ಲಿ ಅಲ್ಲಿ ದೊಡ್ಡ ಭೂಕುಸಿತವಾಗಿ ಸುನಾಮಿ ಎದ್ದಿತು. ಆಮೇಲೆ ಹಲವು ಕಂಪನಿಗಳು ಪಕ್ಕದ ಎಂಡಿಕಾಟ್ ಆರ್ಮ್‌ಗೆ ಬದಲಾಯಿಸಿಕೊಂಡಿವೆ.

ಬಂದರಿನ ಗಂಟೆ ನೋಡಿ: ನನ್ನ ಮೆಚ್ಚಿನ ಉಪಾಯ

ಎರಡು ಪ್ರವಾಸಗಳ ನಡುವೆ ಆರಿಸಲಾಗದೆ ಒದ್ದಾಡುತ್ತಿದ್ದರೆ ಒಂದು ಹಾಳೆಯಲ್ಲಿ ಪ್ರತಿ ಬಂದರಿನ ಮುಂದೆ ಬರುವ ಹೊತ್ತು, ಹೊರಡುವ ಹೊತ್ತು ಬರೆಯಿರಿ. ಹೊರಡುವ ಹೊತ್ತಿನಿಂದ ಅರ್ಧ ಗಂಟೆ ಕಳೆಯಿರಿ, ಅಷ್ಟರೊಳಗೆ ಹಡಗಿನಲ್ಲಿ ಇರಬೇಕು. ಇಳಿಯಲು ಇನ್ನೊಂದು ಅರ್ಧ ಗಂಟೆ ಕಳೆಯಿರಿ. ಉಳಿದದ್ದೇ ನಿಮ್ಮ ನಿಜವಾದ ಪ್ರವಾಸ. ಎರಡು ಹಡಗಿನ ಜಾಹೀರಾತಿನಲ್ಲೂ "ಮೂರು ಬಂದರು" ಅಂತಲೇ ಇರುತ್ತದೆ, ಆದರೆ ಕೂಡಿ ನೋಡಿದರೆ ಒಂದರಲ್ಲಿ ಅರ್ಧ ದಿನದಷ್ಟು ಹೊತ್ತು ಜಾಸ್ತಿ ಸಿಗಬಹುದು.

ಜೂನೋ ತೆಗೆದುಕೊಳ್ಳಿ. ರಾಜ್ಯದ ರಾಜಧಾನಿ, ಆದರೆ ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ. ಮೆಂಡೆನ್‌ಹಾಲ್ ಹಿಮನದಿ ಪೇಟೆಯಿಂದ ಸುಮಾರು 20 ಕಿ.ಮೀ., ಬಸ್ಸಿನಲ್ಲಿ ಅರ್ಧ ಗಂಟೆ. ತಿಮಿಂಗಿಲ ನೋಡುವ ದೋಣಿ ಹೊರಡುವುದು ಆಕ್ ಬೇಯಿಂದ, ಹೋಗಿ ಬಂದು ಮೂರೂವರೆ ನಾಲ್ಕು ಗಂಟೆ. ಕೈಯಲ್ಲಿ ಐದು ಗಂಟೆ ಇದ್ದರೆ ಎರಡರಲ್ಲಿ ಒಂದು. ಎಂಟು ಗಂಟೆ ಇದ್ದರೆ ಎರಡೂ. ಸ್ಕ್ಯಾಗ್‌ವೇಯಲ್ಲಿ ವೈಟ್ ಪಾಸ್ ರೈಲು ಹೋಗಿ ಬರಲು ಸುಮಾರು ಮೂರು ಗಂಟೆ ಇಟ್ಟುಕೊಳ್ಳಿ. ಚಿನ್ನದ ಬೇಟೆಯ ಕಾಲದಲ್ಲಿ, 1898ರಲ್ಲಿ ಶುರು ಮಾಡಿ 1900ರಲ್ಲಿ ಮುಗಿಸಿದ ಕಿರಿದಾದ ಹಳಿ, 20 ಮೈಲಿಯಲ್ಲಿ 2,865 ಅಡಿ ಏರುತ್ತದೆ. ಕೆಲವು ಟಿಕೆಟ್‌ಗಳು ಕೆನಡಾ ಗಡಿ ದಾಟಿ ಹೋಗುತ್ತವೆ, ಅದಕ್ಕೆ ಪಾಸ್‌ಪೋರ್ಟ್ ಹಡಗಿನಲ್ಲೇ ಬಿಟ್ಟು ಹೋಗಬೇಡಿ. ಕೆಚಿಕನ್‌ನಲ್ಲಿ ಎಲ್ಲಾ ನಡೆದೇ ನೋಡಬಹುದು, ಕೆಲವು ಹಡಗುಗಳು ಮಾತ್ರ ಪೇಟೆಯಿಂದ ದೂರದ ವಾರ್ಡ್ ಕೋವ್‌ನಲ್ಲಿ ನಿಲ್ಲುತ್ತವೆ, ಆಗ ಬಸ್ಸಿನ ಹೊತ್ತನ್ನೂ ಕಳೆಯಿರಿ.

ಅದೇ ಹಾಳೆಯಲ್ಲಿ ಆ ದಿನ ಆ ಬಂದರಿಗೆ ಬೇರೆ ಎಷ್ಟು ಹಡಗು ಬರುತ್ತವೆ ಅಂತಲೂ ಬರೆಯಿರಿ, ಬಂದರಿನ ಕ್ಯಾಲೆಂಡರ್ ಎಲ್ಲರಿಗೂ ಸಿಗುತ್ತದೆ. ಜೂನೋದಲ್ಲಿ 2024ರಿಂದ ದಿನಕ್ಕೆ ಐದು ದೊಡ್ಡ ಹಡಗಿನ ಮಿತಿ ಇದೆ. ಸ್ಕ್ಯಾಗ್‌ವೇಯಲ್ಲಿ ಖಾಯಂ ವಾಸ ಇರುವವರೇ ಸುಮಾರು 1,200 ಜನ. ಅಲ್ಲಿಗೆ ಮೂರ್ನಾಲ್ಕು ಹಡಗು ಒಟ್ಟಿಗೆ ಬಂದರೆ ಬೀದಿ ಹೇಗಿರುತ್ತದೆ ಯೋಚಿಸಿ.

ಉಳಿದ ಚೂರುಪಾರು

ಓಲಾಟ: ವ್ಯಾಂಕೂವರ್ ಹಡಗುಗಳು ದ್ವೀಪ ಮತ್ತು ದಡದ ನಡುವಿನ ಶಾಂತ ನೀರಿನಲ್ಲಿ ಹೋಗುತ್ತವೆ. ಸಿಯಾಟಲ್ ಹಡಗುಗಳು ಹೆಚ್ಚಾಗಿ ವ್ಯಾಂಕೂವರ್ ದ್ವೀಪದ ಆಚೆ, ತೆರೆದ ಪೆಸಿಫಿಕ್‌ನಲ್ಲಿ. ಬಸ್ಸಿನಲ್ಲೇ ವಾಂತಿ ಬರುವವರಿದ್ದರೆ ಹಡಗಿನ ಮಧ್ಯಭಾಗದ, ಕೆಳ ಅಂತಸ್ತಿನ ಕೋಣೆ ತೆಗೆದುಕೊಳ್ಳಿ, ಅವೋಮಿನ್ ಥರದ ಮಾತ್ರೆ ಬಗ್ಗೆ ಡಾಕ್ಟರನ್ನು ಕೇಳಿ.

ಮಳೆ: ಕೆಚಿಕನ್‌ನಲ್ಲಿ ವರ್ಷಕ್ಕೆ 3,500 ಮಿ.ಮೀ. ಮೇಲೆ ಸುರಿಯುತ್ತದೆ, ಮಡಿಕೇರಿ ಮಳೆಗಾಲ ನೋಡಿದವರಿಗೆ ಅಂದಾಜು ಸಿಗುತ್ತದೆ. ಒಂದು ದಪ್ಪ ಕೋಟಿಗಿಂತ ತೆಳ್ಳಗಿನ ಎರಡು ಮೂರು ಪದರ, ಮೇಲೆ ನೀರು ಇಳಿಯದ ಜಾಕೆಟ್ ಒಳ್ಳೆಯದು. ಮೇ, ಜೂನ್‌ನಲ್ಲಿ ಮಳೆ ಕಡಿಮೆ. ಜುಲೈ, ಆಗಸ್ಟ್‌ನಲ್ಲಿ ಸಾಲ್ಮನ್ ಮೀನು ಹೊಳೆ ಏರುತ್ತವೆ, ಹಿಂದೆಯೇ ಕರಡಿಗಳು.

ಊಟ: ಬುಕ್ ಮಾಡಿದ ಕೂಡಲೇ ಸಸ್ಯಾಹಾರಿ ಅಂತ ಬರೆಸಿ. ಮೊದಲ ರಾತ್ರಿ ಹೆಡ್ ವೇಟರ್‌ಗೆ ಮಾರನೇ ದಿನದ ಊಟಕ್ಕೆ ಭಾರತೀಯ ಅಡುಗೆ ಬೇಕು ಅಂತ ಹೇಳಿಟ್ಟರೆ ಅನ್ನ, ದಾಲ್, ಒಂದು ಪಲ್ಯ ಮಾಡಿಕೊಡುವುದು ತುಂಬಾ ಹಡಗುಗಳಲ್ಲಿ ರೂಢಿ. ಫೋನು ಹಡಗಿನಲ್ಲಿ ಏರೋಪ್ಲೇನ್ ಮೋಡ್‌ನಲ್ಲೇ ಇರಲಿ, ಸಮುದ್ರದ ಮೇಲಿನ ರೋಮಿಂಗ್ ಬಿಲ್ ದೊಡ್ಡದು. ಅಲಾಸ್ಕಾ ಸಮಯ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ, ಬಂದರಿನಲ್ಲಿ ಹಡಗಿನ ಗಡಿಯಾರವನ್ನೇ ಅನುಸರಿಸಿ.

ದುಡ್ಡು: ಅಪ್ಪ ಅಮ್ಮನ ಇನ್ಶೂರೆನ್ಸ್‌ನಲ್ಲಿ ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯಾ, ಹಳೆಯ ಬಿಪಿ ಶುಗರ್ ಬಗ್ಗೆ ಏನು ಬರೆದಿದ್ದಾರೆ ನೋಡಿ. ಪೂರ್ತಿ ದುಡ್ಡು ಕಟ್ಟುವ ಕೊನೆಯ ದಿನಾಂಕ ಸಾಮಾನ್ಯವಾಗಿ ಹೊರಡುವ ಸುಮಾರು ಮೂರು ತಿಂಗಳ ಮೊದಲು ಬರುತ್ತದೆ. ಮುಂಗಡ ವಾಪಸ್ ಸಿಗುವ ದರದಲ್ಲಿ ಕೋಣೆ ಹಿಡಿದು, ಅದೇ ವಾರ ಕೆನಡಾ ವೀಸಾಗೆ ಅರ್ಜಿ ಹಾಕಿ. ವೀಸಾ ಕೈಗೆ ಬಂದ ಮೇಲೆ ವಿಮಾನದ ಟಿಕೆಟ್ ತೆಗೆದುಕೊಳ್ಳಿ, ಹಡಗು ಹೊರಡುವ ಹಿಂದಿನ ದಿನವೇ ಊರು ತಲುಪುವ ಹಾಗೆ.