ಪಬ್ಲಿಕ್ ಕೀ ಅಂದರೆ ಕೀಲಿಕೈ ಅಲ್ಲ, ಬೀಗ

ತುಮಕೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುವ ಗೆಳೆಯನೊಬ್ಬ ನಾಲ್ಕು ಪುಟದ ಕೈಪಿಡಿ ಕಳಿಸಿದ್ದ. ಗ್ನೂಪಿಜಿ ತಂತ್ರಾಂಶ ಬಳಸಿ ಇ-ಮೇಲ್‌ಗೆ ಬೀಗ ಹಾಕುವುದು ಹೇಗೆ ಅಂತ ಕನ್ನಡದಲ್ಲಿ ಬರೆದದ್ದು. 'ಸುಮ್ನೆ ಕಾಗುಣಿತ ನೋಡಿಕೊಡು ಗುರು' ಅಂದಿದ್ದ. ಕಾಗುಣಿತ ಚೆನ್ನಾಗಿಯೇ ಇತ್ತು. ಎರಡನೇ ಪುಟದ ಒಂದು ಸಾಲು ಮಾತ್ರ ತಲೆ ಕೆಡಿಸಿತು: 'ಪತ್ರವನ್ನು ನಿಮ್ಮ ಖಾಸಗಿ ಕೀಲಿಯಿಂದ ಮುಚ್ಚಿ. ಪಡೆದವರು ನಿಮ್ಮ ಸಾರ್ವಜನಿಕ ಕೀಲಿಯಿಂದ ತೆರೆಯುತ್ತಾರೆ.'

ಸಾರ್ವಜನಿಕ ಕೀಲಿ ಊರಿಗೆಲ್ಲ ಹಂಚಿದ್ದು. ಅದರಿಂದ ತೆರೆಯುವುದಾದರೆ ಊರೆಲ್ಲ ತೆರೆಯಬಹುದು, ಅಲ್ವಾ?

ಇದು ಗೆಳೆಯನ ತಪ್ಪಲ್ಲ, ಹೆಸರಿನ ತಪ್ಪು. ಪಬ್ಲಿಕ್ ಕೀ, ಅಂದರೆ ಈ ಸಾರ್ವಜನಿಕ ಕೀಲಿ, ನಿಜಕ್ಕೂ ಬೀಗ. ಒತ್ತಿದರೆ ಟಕ್ ಅಂತ ಕೂರುತ್ತದಲ್ಲ, ಅಂಥದ್ದು. ಅದನ್ನು ಬಾಯಿ ತೆರೆದೇ ಎಲ್ಲರಿಗೂ ಕೊಟ್ಟಿರುತ್ತೇನೆ. ನನಗೆ ಬರೆಯುವವರು ಪೆಟ್ಟಿಗೆಗೆ ನನ್ನ ಬೀಗ ಒತ್ತಿ ಕಳಿಸುತ್ತಾರೆ. ಕೀಲಿಕೈ, ಅಂದರೆ ಖಾಸಗಿ ಕೀಲಿ, ನನ್ನ ಉಡಿದಾರದಲ್ಲಿ. ಗುಡಿಯ ಹುಂಡಿಯೂ ಹಾಗೇ: ಹಾಕುವವರು ಯಾರಾದರೂ ಸರಿ, ತೆಗೆಯುವವರು ಒಬ್ಬರೇ. ಒಳಗಿನ ಗಣಿತ ಬೇಕಾದರೆ ರಾಗಿಗೆ ಸಾಸಿವೆ ಸುರಿದು ನೋಡಿ. ಬೆರೆಸಲು ಒಂದು ಗಳಿಗೆ, ಆರಿಸಲು ಇಡೀ ದಿನ. ಆರ್‌ಎಸ್‌ಎ ಅನ್ನುವ ಬೀಗದ ವಿಧಾನದಲ್ಲಿ ಎರಡು ಭಾರೀ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಬೆರೆಸಿದ ಹಾಗೆ. ಗುಣಲಬ್ಧದಿಂದ ಅವೆರಡನ್ನು ಮತ್ತೆ ಹುಡುಕುವುದು ಸಾಸಿವೆ ಆರಿಸಿದ ಹಾಗೆ.

ಇದು ಎಷ್ಟು ಹೊಸದು ಅಂತ ತಿಳಿಯಲು ಸಿದ್ಧಗಂಗೆ ಜಾತ್ರೆಯ ದನದ ವ್ಯಾಪಾರ ನೆನೆಯಿರಿ. ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವ ಗುಟ್ಟಿನ ಮಾತು ಎಷ್ಟು ಚಂದ! ಆದರೆ ಬೆರಳಿನ ಲೆಕ್ಕ ಇಬ್ಬರಿಗೂ ಮೊದಲೇ ಗೊತ್ತಿರಬೇಕು, ಕೈಗೆ ಕೈ ಸಿಗಬೇಕು. ಸಾವಿರಾರು ವರ್ಷದ ಗೂಢಲಿಪಿಗಳೆಲ್ಲ ಹೀಗೇ ಗುಟ್ಟನ್ನು ಮೊದಲೇ ಹಂಚಿಕೊಂಡವು. 1976ರಲ್ಲಿ ಅಮೆರಿಕದ ಸಂಶೋಧಕರಾದ ಡಿಫಿ ಮತ್ತು ಹೆಲ್‌ಮನ್ ಅದು ಬೇಕಿಲ್ಲ ಅಂತ ತೋರಿಸಿದರು. ಮರುವರ್ಷ ಆರ್‌ಎಸ್‌ಎ ಬಂತು. ಬ್ರಿಟನ್ನಿನ ಬೇಹುಗಾರಿಕೆ ಸಂಸ್ಥೆಯಲ್ಲಿ ಕ್ಲಿಫರ್ಡ್ ಕಾಕ್ಸ್ 1973ರಲ್ಲೇ ಇಂಥದ್ದನ್ನು ಕಂಡುಕೊಂಡಿದ್ದರು. ಅದು ಹೊರಬಿದ್ದದ್ದು 1997ರಲ್ಲಿ. ಗುಟ್ಟಿನ ಶಾಸ್ತ್ರವೇ ಗುಟ್ಟಾಗಿ ಕೂತಿತ್ತು!

ಹಾಗಾದರೆ ಖಾಸಗಿ ಕೀಲಿಯಿಂದ ಮಾಡುವುದೇನು? ಸಹಿ. ಪತ್ರ ನನ್ನದೇ ಅಂತ ಯಾರು ಬೇಕಾದರೂ ಪರೀಕ್ಷಿಸಬಹುದು, ಆದರೆ ಒಳಗಿನದು ಗುಟ್ಟಾಗುವುದಿಲ್ಲ. ಪಠ್ಯಪುಸ್ತಕದ ಆರ್‌ಎಸ್‌ಎಯಲ್ಲಿ ಸಹಿ ಮಾಡುವುದೂ ಬೀಗ ತೆರೆಯುವುದೂ ಒಂದೇ ಲೆಕ್ಕದ ಹಾಗೆ ಕಾಣುತ್ತವೆ, ಈ ತಪ್ಪು ಹುಟ್ಟುವುದೇ ಅಲ್ಲಿ. ಗ್ನೂಪಿಜಿ ತಾನಾಗಿ ಮಾಡಿಕೊಡುವ ಕೀಲಿಗಳಲ್ಲಂತೂ ಸಹಿಗೆ ಒಂದು, ಬೀಗಕ್ಕೆ ಇನ್ನೊಂದು.

ಕೈಪಿಡಿಯ 'ಮೂವರಿಗೆ ಕಳಿಸಿದರೆ ಮೂರು ಪ್ರತಿ ತಯಾರಾಗುತ್ತದೆ' ಅನ್ನುವ ಸಾಲನ್ನೂ ಹೊಡೆದುಹಾಕಿದೆ. ಪ್ರತಿ ಪತ್ರಕ್ಕೂ ತಂತ್ರಾಂಶ ಹೊಸದೊಂದು ಗುಟ್ಟಿನ ಸಂಖ್ಯೆ ಸೃಷ್ಟಿಸಿ, ಅದರಿಂದ ಪತ್ರವನ್ನು ಒಂದೇ ಸಲ ಮುಚ್ಚುತ್ತದೆ. ಆಮೇಲೆ ಆ ಪುಟ್ಟ ಸಂಖ್ಯೆಗೆ ಮಾತ್ರ ಮೂವರ ಬೀಗ ಬೇರೆಬೇರೆಯಾಗಿ ಬೀಳುತ್ತದೆ.

ಗೆಳೆಯನಿಗೆ ಸ್ವಲ್ಪ ಬೇಜಾರಾಯಿತು. 1999ರ ಅಮೆರಿಕದ ಅಧ್ಯಯನ ಹೇಳಿ ಸಮಾಧಾನ ಮಾಡಿದೆ. 12 ಜನರಿಗೆ ಗ್ನೂಪಿಜಿಯಂಥದ್ದೇ ಪಿಜಿಪಿ ತಂತ್ರಾಂಶ ಕೊಟ್ಟು 90 ನಿಮಿಷ ಬಿಟ್ಟರೆ, ಸರಿಯಾಗಿ ಸಹಿ ಮಾಡಿ ಬೀಗ ಹಾಕಿದವರು ಮೂರನೇ ಒಂದು ಪಾಲು ಮಾತ್ರ. ತಪ್ಪಿದವರನ್ನು ದಡ್ಡರು ಅನ್ನುವವರ ಮೇಲೆ ನನಗೆ ಸಿಟ್ಟು ಜಾಸ್ತಿ.

ಎರಡು ದಿನದ ನಂತರ ಅವನ ಮೊದಲ ಬೀಗದ ಪತ್ರ ಬಂತು. ಒಳಗಿನದೆಲ್ಲ ಅಚ್ಚುಕಟ್ಟಾಗಿ ಮುಚ್ಚಿತ್ತು. ಮೇಲಿನ ವಿಷಯದ ಸಾಲಿನಲ್ಲಿ ಮಾತ್ರ 'ಸೈಟಿಗೆ ಅಡ್ವಾನ್ಸ್ 2 ಲಕ್ಷ, ಮನೆಯಲ್ಲಿ ಹೇಳಬೇಡ' ಅಂತ ತೆರೆದೇ ಇತ್ತು. ಥಂಡರ್‌ಬರ್ಡ್‌ನಂಥ ತಂತ್ರಾಂಶಗಳು ಈಗ ಆ ಸಾಲನ್ನೂ ಮುಚ್ಚುತ್ತವೆ, ಅವನು ಬಳಸಿದ್ದು ಮುಚ್ಚುವುದಿಲ್ಲ. ಕೈಪಿಡಿಯಲ್ಲಿ ಆ ಮಾತೇ ಇರಲಿಲ್ಲ. ಕಾಗುಣಿತ ನೋಡಿದ ನನಗೂ ಹೊಳೆದಿರಲಿಲ್ಲ.