ಸಮುದಾಯ ಸಂರಕ್ಷಣೆ: ಈ ಸಮಾಸವನ್ನು ಬಿಡಿಸುವುದು ಹೇಗೆ?

ಹುಲಿಗೆ ಮಾಂಸ ಹಾಕುವವರು ಯಾರು, ಆನೆಯ ಕಾಲು ತೊಳೆಯುವವರು ಯಾರು, ಕಾಯಿಲೆ ಬಿದ್ದ ಜಿಂಕೆಗೆ ಚುಚ್ಚುಮದ್ದು ಕೊಡುವವರು ಯಾರು ಎಂಬುದು ಮೃಗಾಲಯ ನೋಡಿದ ಎಲ್ಲರಿಗೂ ಗೊತ್ತು. ಆದರೆ ಇಂದು ದೊಡ್ಡ ಮೃಗಾಲಯಗಳಲ್ಲಿ ಇನ್ನೊಂದು ಹುದ್ದೆಯೂ ಇರುತ್ತದೆ: ಸಮುದಾಯ ಸಂರಕ್ಷಣೆ ಮತ್ತು ಶಿಕ್ಷಣ ಕಾರ್ಯಕ್ರಮಗಳ ಮುಖ್ಯಸ್ಥರು. ಇವರ ಕೆಲಸವೇನು ಎಂದು ಕೇಳಿದರೆ ಬಹಳಷ್ಟು ಮಂದಿ ‘ಜನರಲ್ಲಿ ಜಾಗೃತಿ ಮೂಡಿಸುತ್ತಾರೆ’ ಎಂದು ಹೇಳಿ ಮುಗಿಸುತ್ತಾರೆ. ಆ ಉತ್ತರ ಪದದ ಅರ್ಧವನ್ನೂ ಮುಟ್ಟುವುದಿಲ್ಲ.

ಶಾಲೆಯಲ್ಲಿ ಕಲಿತ ವ್ಯಾಕರಣ ಇಲ್ಲಿ ನೆರವಿಗೆ ಬರುತ್ತದೆ. ತತ್ಪುರುಷ ಸಮಾಸ ಬಿಡಿಸುವಾಗ ಮೊದಲ ಪದಕ್ಕೆ ಯಾವ ವಿಭಕ್ತಿ ಹಚ್ಚಬೇಕು ಎಂದು ಮೇಷ್ಟ್ರು ಕೇಳುತ್ತಿದ್ದರಲ್ಲ, ಅದೇ ಪ್ರಶ್ನೆಯನ್ನು ಇಲ್ಲೂ ಕೇಳಬೇಕು. ‘ಸಮುದಾಯಕ್ಕೆ’ ಸಂರಕ್ಷಣೆಯ ಪಾಠ ಎಂದು ಬಿಡಿಸಿದರೆ ಚತುರ್ಥಿ: ಮೃಗಾಲಯ ಹೇಳುತ್ತದೆ, ಜನ ಕೇಳುತ್ತಾರೆ. ‘ಸಮುದಾಯದಿಂದ’ ಸಂರಕ್ಷಣೆ ಎಂದರೆ ತೃತೀಯಾ: ಜನರೇ ಕಾಯುತ್ತಾರೆ, ಮೃಗಾಲಯ ಅವರ ಜೊತೆ ನಿಲ್ಲುತ್ತದೆ. ಪದ ಒಂದೇ ಆದರೂ ಎರಡು ಅರ್ಥಗಳು ಬೇಡುವ ದುಡಿಮೆ ಬೇರೆ ಬೇರೆ. ತೃತೀಯೆಯೇ ಈ ಪದದ ನಿಜವಾದ ಅರ್ಥ, ಚತುರ್ಥಿ ಅಲ್ಲಿಗೆ ಹೋಗುವ ಒಂದು ದಾರಿ ಎಂಬುದು ನನ್ನ ನಂಬಿಕೆ. ಸಂಸ್ಕೃತದ ಈ ಎರಡೂ ಪದಗಳ ಮೊದಲಿಗೆ ಕೂಡಿರುವುದು ‘ಸಂ’ ಎಂಬ ಉಪಸರ್ಗವೇ. ‘ಒಟ್ಟಾಗಿ’ ಎಂಬುದು ಅದರ ಅರ್ಥಗಳಲ್ಲಿ ಒಂದು.

ಇನ್ನು, ಯಾವ ಸಮುದಾಯ? ಮೃಗಾಲಯಕ್ಕೆ ಎರಡು ಸಮುದಾಯಗಳಿವೆ. ಒಂದು, ಟಿಕೆಟ್ ಕೊಂಡು ಗೇಟಿನೊಳಗೆ ಬರುವವರು. ಜಗತ್ತಿನ ಮೃಗಾಲಯ, ಮತ್ಸ್ಯಾಲಯಗಳಿಗೆ ವರ್ಷಕ್ಕೆ 70 ಕೋಟಿಗೂ ಹೆಚ್ಚು ಭೇಟಿಗಳಾಗುತ್ತವೆ ಎಂದು ವಿಶ್ವ ಮೃಗಾಲಯ ಮತ್ತು ಮತ್ಸ್ಯಾಲಯ ಸಂಘ ಲೆಕ್ಕ ಹಾಕಿದೆ. ಇನ್ನೊಂದು, ಆ ಪ್ರಾಣಿಯ ಕಾಡು, ಬೆಟ್ಟ, ಹೊಳೆಗಳ ಪಕ್ಕದಲ್ಲೇ ಬದುಕುವವರು. ಇವರಲ್ಲಿ ಬಹುಪಾಲು ಮಂದಿ ಮೃಗಾಲಯವನ್ನು ಕಂಡೇ ಇರುವುದಿಲ್ಲ. ಹಿಮಚಿರತೆಯ ಗಾಜಿನ ಮುಂದೆ ನಿಂತು ‘ಎಷ್ಟು ಚೆಂದ’ ಎನ್ನುವ ಕುಟುಂಬ ಮೊದಲನೆಯದು. ಅದೇ ಹಿಮಚಿರತೆ ರಾತ್ರಿ ಕೊಟ್ಟಿಗೆಗೆ ನುಗ್ಗಿ ಕುರಿ ಕೊಂದದ್ದನ್ನು ಬೆಳಗ್ಗೆ ಎದ್ದು ನೋಡುವ ಕುಟುಂಬ ಎರಡನೆಯದು. ಈ ಎರಡು ಮನೆಗಳ ನಡುವೆ ಓಡಾಡುವುದೇ ನಮ್ಮ ಮುಖ್ಯಸ್ಥರ ಕೆಲಸ.

ಮೊದಲು ಗೇಟಿನೊಳಗಿನವರ ವಿಷಯ.

ಹಾವಿನ ಆವರಣದ ಮುಂದೆ ಏಳೆಂಟು ವರ್ಷದ ಒಂದು ಮಗು ನಿಂತಿದೆ ಎಂದುಕೊಳ್ಳಿ. ಮುಖ ಸಿಂಡರಿಸಿಕೊಂಡು ‘ಥೂ, ಲೋಳೆ ಲೋಳೆ’ ಎನ್ನುತ್ತದೆ. ಶಿಕ್ಷಕಿ ಭಾಷಣಕ್ಕೆ ತೊಡಗುವುದಿಲ್ಲ. ಚೀಲದಿಂದ ಹಾವು ಬಿಟ್ಟ ಪೊರೆಯೊಂದನ್ನು ತೆಗೆದು ಮಗುವಿನ ಅಂಗೈ ಮೇಲೆ ಇಡುತ್ತಾಳೆ. ಒಣಗಿದ ಈರುಳ್ಳಿ ಸಿಪ್ಪೆಯಂತೆ ಹಗುರ, ಬೆಳಕಿಗೆ ಹಿಡಿದರೆ ಒಂದೊಂದು ಹುರುಪೆಯೂ ಎಣಿಸಬಹುದಾದಷ್ಟು ಸ್ಪಷ್ಟ. ಕಣ್ಣಿದ್ದ ಜಾಗದಲ್ಲಿ ಎರಡು ಪಾರದರ್ಶಕ ಬಿಲ್ಲೆ. ಹಾವಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲಿನ ಪದರವೂ ಪೊರೆಯ ಜೊತೆಗೇ ಕಳಚುತ್ತದೆ. ಮಗು ಅದನ್ನು ನೋಡಿ, ಗಾಜಿನಾಚೆಯ ಹಾವನ್ನು ನೋಡಿ, ‘ಇದಕ್ಕೆ ನೋವಾಗುತ್ತಾ?’ ಎಂದು ಕೇಳುತ್ತದೆ. ಅಸಹ್ಯ ಹೋಗಿ ಕಾಳಜಿ ಬಂದಿದ್ದು ಅಷ್ಟರಲ್ಲೇ. ಈ ಕೆಲಸದಲ್ಲಿ ಶಿಕ್ಷಣ ಎಂದರೆ ಇದು. ಫಲಕದ ಮೇಲೆ ವೈಜ್ಞಾನಿಕ ಹೆಸರು ಬರೆಸುವುದು ಅದರ ಸಣ್ಣ ಭಾಗ ಮಾತ್ರ.

ಹೀಗೆ ಕಲಿಸುವವರಿದ್ದರೆ ವ್ಯತ್ಯಾಸವಾಗುತ್ತದೆಯೇ? ಎರಿಕ್ ಜೆನ್ಸನ್ ಎಂಬ ಸಮಾಜ ವಿಜ್ಞಾನಿ ಲಂಡನ್ ಮೃಗಾಲಯಕ್ಕೆ ಬಂದ 7ರಿಂದ 15 ವರ್ಷದ 2,839 ಮಕ್ಕಳಿಂದ ಭೇಟಿಗೆ ಮೊದಲು ಮತ್ತು ನಂತರ ಪ್ರಾಣಿಯ ನೆಲೆಯ ಚಿತ್ರ ಬರೆಸಿ ಹೋಲಿಸಿದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಮೃಗಾಲಯದ ಶಿಕ್ಷಕರ ಜೊತೆ ಸುತ್ತಿದ ಮಕ್ಕಳಲ್ಲಿ ಶೇ 41ರಷ್ಟು ಮಂದಿಯ ಕಲಿಕೆ ಮುಂದೆ ಹೋಗಿತ್ತು. ತಾವೇ ಸುತ್ತಿ ಬಂದವರಲ್ಲಿ ಅದು ಶೇ 34. ವ್ಯತ್ಯಾಸ ಇದೆ. ಆದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಅಂಥ ಮುನ್ನಡೆ ಕಾಣಲಿಲ್ಲ ಎಂಬುದೂ ಅದೇ ಅಂಕಿಯೊಳಗಿದೆ. ಆ ಭಾಗವನ್ನು ಮುಚ್ಚಿಡದೆ ಓದುವವರೇ ಈ ಹುದ್ದೆಗೆ ತಕ್ಕವರು.

ನಾವು ಹೇಳುವುದಕ್ಕಿಂತ ತೋರಿಸುವುದು ಹೆಚ್ಚು ಕಲಿಸುತ್ತದೆ, ಕೆಲವೊಮ್ಮೆ ತಪ್ಪನ್ನೂ. ಚಿಕಾಗೋದ ಲಿಂಕನ್ ಪಾರ್ಕ್ ಮೃಗಾಲಯದ ಸ್ಟೀವ್ ರಾಸ್ ಮತ್ತು ಸಂಗಡಿಗರು ಜನರಿಗೆ ಚಿಂಪಾಂಜಿಯ ಬೇರೆ ಬೇರೆ ಫೋಟೋಗಳನ್ನು ತೋರಿಸಿ ಅಭಿಪ್ರಾಯ ಕೇಳಿದರು. 2011ರ ವರದಿಯ ಪ್ರಕಾರ, ಪಕ್ಕದಲ್ಲಿ ಮನುಷ್ಯ ನಿಂತಿರುವ ಚಿತ್ರ ನೋಡಿದವರು ‘ಕಾಡಿನಲ್ಲಿ ಚಿಂಪಾಂಜಿಗಳು ಚೆನ್ನಾಗಿಯೇ ಇವೆ’ ಎಂದು ಭಾವಿಸುವ ಸಾಧ್ಯತೆ ಶೇ 35.5ರಷ್ಟು ಹೆಚ್ಚಿತ್ತು. ಪ್ರಾಣಿಪಾಲಕರು ಮರಿಕೋತಿಯನ್ನು ಎತ್ತಿಕೊಂಡ ಮುದ್ದಾದ ಚಿತ್ರ ಲೈಕ್ ತರುತ್ತದೆ, ಜೊತೆಗೆ ‘ನಮ್ಮ ಮನೆಯಲ್ಲೂ ಒಂದು ಸಾಕೋಣ’ ಎಂಬ ಆಸೆಯನ್ನೂ ಬಿತ್ತುತ್ತದೆ. ಆ ಫೋಟೋ ಹೊರಗೆ ಹೋಗದಂತೆ ತಡೆಯುವುದು, ಪ್ರಚಾರ ವಿಭಾಗದ ಜೊತೆ ಅದಕ್ಕಾಗಿ ವಾದಕ್ಕಿಳಿಯುವುದು ಈ ಮುಖ್ಯಸ್ಥರ ಪಾಲಿನ ಕೆಲಸ. ಸಂರಕ್ಷಣೆ ಎಂದಾಗ ಯಾರ ನೆನಪಿಗೂ ಬಾರದ ಕೆಲಸವಿದು, ಆದರೆ ತೂಕದ್ದು.

ಇನ್ನೊಂದು ಕಷ್ಟವಿದೆ. ತಿಳಿದ ಮಾತ್ರಕ್ಕೆ ಜನ ನಡೆದುಕೊಳ್ಳುವ ರೀತಿ ಬದಲಾಗುವುದಿಲ್ಲ. ಹಲವು ದೇಶಗಳ ಮೃಗಾಲಯಗಳಲ್ಲಿ ನಡೆದ ಸಮೀಕ್ಷೆಗಳಲ್ಲಿ ಜೀವವೈವಿಧ್ಯದ ತಿಳಿವಳಿಕೆಗೂ ಅದಕ್ಕಾಗಿ ಮಾಡುವ ಕೆಲಸಕ್ಕೂ ಇರುವ ನಂಟು ತೆಳುವಾಗಿಯೇ ಕಂಡಿದೆ. ಆದ್ದರಿಂದ ಅನುಭವಿಗಳು ‘ಪ್ರಕೃತಿ ಉಳಿಸಿ’ ಎಂಬ ಘೋಷಣೆ ಬಿಟ್ಟು ಒಂದೇ ಒಂದು ಕೆಲಸ ಹೇಳುತ್ತಾರೆ, ಅದೂ ಇಂದೇ ಮಾಡಬಹುದಾದದ್ದು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಮೃಗಾಲಯಗಳು ಗೊರಿಲ್ಲಾ ಆವರಣಕ್ಕೆ ಬಂದವರಿಂದ ಹಳೆಯ ಮೊಬೈಲ್ ಫೋನ್ ಕೇಳಿದವು. ಫೋನಿನೊಳಗೆ ಬಳಸುವ ಟ್ಯಾಂಟಲಮ್ ಲೋಹ ಕೋಲ್ಟಾನ್ ಎಂಬ ಅದಿರಿನಿಂದ ಬರುತ್ತದೆ. ಆ ಅದಿರಿನ ಗಣಿಗಳಲ್ಲಿ ಹಲವು ಇರುವುದು ಕಾಂಗೋದ ಗೊರಿಲ್ಲಾ ಕಾಡಿನಲ್ಲಿ. ಗೊರಿಲ್ಲಾ, ಗಣಿ, ಮೇಜಿನ ಡ್ರಾಯರಿನಲ್ಲಿ ಬಿದ್ದಿರುವ ಫೋನ್, ಮೂರೂ ಒಂದೇ ದಾರದಲ್ಲಿ ಪೋಣಿಸಿಕೊಂಡ ಕ್ಷಣದಲ್ಲಿ ನೋಡಲು ಬಂದವರು ಕಾಯುವವರ ಸಾಲಿಗೆ ಸೇರುತ್ತಾರೆ.

ಈಗ ಎರಡನೆಯ ಸಮುದಾಯ. ಈ ಪದದ ತಿರುಳು ಇರುವುದು ಇಲ್ಲೇ.

ಸಿಯಾಟಲ್ ನಗರದ ವುಡ್‌ಲ್ಯಾಂಡ್ ಪಾರ್ಕ್ ಮೃಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಹೆಲೆನ್ ಫ್ರೀಮನ್ ಅಲ್ಲಿನ ಹಿಮಚಿರತೆಗಳನ್ನು ನೋಡುತ್ತ ನೋಡುತ್ತ, ಕಾಡಿನಲ್ಲಿರುವ ಅವುಗಳ ಬಂಧುಗಳಿಗಾಗಿ 1981ರಲ್ಲಿ ಸ್ನೋ ಲೆಪರ್ಡ್ ಟ್ರಸ್ಟ್ ಕಟ್ಟಿದರು. ಆ ಟ್ರಸ್ಟ್ ಮುಂದೆ ಮಂಗೋಲಿಯಾದ ಕುರಿಗಾಹಿ ಕುಟುಂಬಗಳ ಜೊತೆ ಒಂದು ಒಪ್ಪಂದಕ್ಕೆ ಬಂತು. ಹೆಂಗಸರು ಉಣ್ಣೆಯಿಂದ ಕರಕುಶಲ ವಸ್ತುಗಳನ್ನು ಮಾಡುತ್ತಾರೆ, ಟ್ರಸ್ಟ್ ಅವನ್ನು ಒಳ್ಳೆಯ ಬೆಲೆಗೆ ಕೊಂಡು ಮೃಗಾಲಯದ ಅಂಗಡಿಗಳವರೆಗೆ ತಲುಪಿಸುತ್ತದೆ. ಷರತ್ತು ಇಷ್ಟು: ಸುತ್ತಿನಲ್ಲಿ ಯಾರೂ ಹಿಮಚಿರತೆಯನ್ನಾಗಲಿ ಅದು ತಿನ್ನುವ ಕಾಡುಮೇಕೆ, ಕಾಡುಕುರಿಗಳನ್ನಾಗಲಿ ಅಕ್ರಮವಾಗಿ ಕೊಲ್ಲಬಾರದು. ವರ್ಷದ ಕೊನೆಗೆ ಮಾತು ಉಳಿದಿದ್ದರೆ ಎಲ್ಲರಿಗೂ ಬೋನಸ್. ಒಬ್ಬ ಮುರಿದರೂ ಇಡೀ ಸಮುದಾಯಕ್ಕೆ ಬೋನಸ್ ಇಲ್ಲ. ಕಾವಲುಗಾರರನ್ನು ಹೊರಗಿನಿಂದ ನೇಮಿಸಬೇಕಾಗಿಲ್ಲ, ನೆರೆಹೊರೆಯೇ ಕಾಯುತ್ತದೆ. ಕುರಿ ಕಳೆದುಕೊಂಡ ಮನೆಯವರನ್ನು ಅಪರಾಧಿಗಳಂತೆ ನೋಡದೆ ಪಾಲುದಾರರನ್ನಾಗಿ ಮಾಡಿದ ಈ ಲೆಕ್ಕಾಚಾರ ನನಗೆ ಬಹಳ ಹಿಡಿಸಿದೆ.

ಅದೇ ವುಡ್‌ಲ್ಯಾಂಡ್ ಪಾರ್ಕ್ ಮೃಗಾಲಯದ ಮರಕಾಂಗರೂ ಯೋಜನೆಯನ್ನು ಲೀಸಾ ಡಾಬೆಕ್ 1996ರಲ್ಲಿ ಆರಂಭಿಸಿದರು. ಜಾಗ ಪಪುವಾ ನ್ಯೂಗಿನಿಯ ಹ್ಯುವಾನ್ ಪರ್ಯಾಯ ದ್ವೀಪ. ಆ ದೇಶದಲ್ಲಿ ಭೂಮಿಯ ಬಹುಪಾಲು ಸ್ಥಳೀಯ ಕುಲಗಳ ಒಡೆತನದಲ್ಲಿದೆ. ಸರ್ಕಾರ ಒಂದು ಗೆರೆ ಎಳೆದು ‘ಇದು ಅಭಯಾರಣ್ಯ’ ಎನ್ನುವಂತಿಲ್ಲ, ಒಡೆಯರು ಒಪ್ಪಬೇಕು. ಊರೂರು ನಡೆದು, ವರ್ಷಗಟ್ಟಲೆ ಕೂತು ಮಾತನಾಡಿದ ಮೇಲೆ ಒಂದೊಂದು ಕುಲವೂ ತನ್ನ ಬೇಟೆಯ ಕಾಡಿನ ಒಂದು ಪಾಲನ್ನು ಬೇಟೆ ಇಲ್ಲದ ಜಾಗವಾಗಿ ಬಿಟ್ಟುಕೊಟ್ಟಿತು. 2009ರಲ್ಲಿ ಆ ತುಂಡುಗಳೆಲ್ಲ ಸೇರಿ ಯಸ್ ಸಂರಕ್ಷಣಾ ಪ್ರದೇಶವಾಯಿತು. ಯೊಪ್ನೊ, ಉರುವಾ, ಸೋಮ್ ಎಂಬ ಮೂರು ನದಿಗಳ ಇಂಗ್ಲಿಷ್ ಮೊದಲಕ್ಷರಗಳಿಂದ (YUS) ಬಂದ ಹೆಸರು ಅದು. ಊರವರಿಗೆ ಬೇಕಿದ್ದದ್ದು ಶಾಲೆ, ಆರೋಗ್ಯ, ಆದಾಯ. ಯೋಜನೆ ಅವಕ್ಕೂ ಹೆಗಲು ಕೊಟ್ಟಿತು, ಅವರು ಬೆಳೆದ ಕಾಫಿಗೆ ಸಿಯಾಟಲ್‌ನಲ್ಲಿ ಕೊಳ್ಳುವವರನ್ನು ಹುಡುಕಿತು. ‘ಸಮುದಾಯದ’ ಸಂರಕ್ಷಣೆ ಎಂಬ ಷಷ್ಠಿಯೂ ಇಲ್ಲಿ ಸೇರಿಕೊಂಡಿತು ನೋಡಿ. ಕಾಯುವವರ ಬದುಕು ಕಾಯದೆ ಕಾಡು ಕಾಯಲಾಗದು ಎಂದು ಅಲ್ಲಿನವರಿಗೆ ಅರ್ಥವಾಗಿತ್ತು.

ಕೊಲಂಬಿಯಾದ ‘ಪ್ರೊಯೆಕ್ಟೊ ಟಿಟಿ’ ಎಂಬ ಕೋತಿ ಸಂರಕ್ಷಣಾ ಯೋಜನೆಯ ದಾರಿ ಬೇರೆ. ಕಾಟನ್‌ಟಾಪ್ ಟ್ಯಾಮರಿನ್ ಅರ್ಧ ಕೆಜಿಯೂ ತೂಗದ ಕೋತಿ. ತಲೆಯ ಮೇಲೆ ಬಿಡಿಸಿದ ಅರಳೆಯಂಥ ಬಿಳಿ ಜುಟ್ಟು. ಕಾಡಿನಲ್ಲಿ ಇರುವುದು ವಾಯವ್ಯ ಕೊಲಂಬಿಯಾದಲ್ಲಿ ಮಾತ್ರ. ಆನ್ ಸ್ಯಾವೇಜ್ ಆರಂಭಿಸಿದ ಈ ಯೋಜನೆಗೆ ಮೃಗಾಲಯಗಳ ಬೆಂಬಲವಿದೆ. ಅಲ್ಲಿನ ಊರುಗಳಲ್ಲಿ ಎಸೆದ ಪ್ಲಾಸ್ಟಿಕ್ ಚೀಲಗಳು ಕಾಡಿಗೂ ಹಾರುತ್ತಿದ್ದವು. ಹೆಂಗಸರು ಅವನ್ನು ಆಯ್ದು, ತೊಳೆದು, ಒಣಗಿಸಿ, ಸುರುಳಿಯಾಗಿ ಕತ್ತರಿಸಿ ಉದ್ದನೆಯ ಎಳೆ ಮಾಡಿದರು. ಆ ಎಳೆಯನ್ನೇ ಕ್ರೋಶಾ ಕಡ್ಡಿಯಲ್ಲಿ ಹೆಣೆದು, ತಮ್ಮ ಸಾಂಪ್ರದಾಯಿಕ ಹೆಗಲುಚೀಲ ‘ಮೊಚಿಲಾ’ದ ಆಕಾರಕ್ಕೆ ತಂದರು. ಒಂದು ಮೊಚಿಲಾಕ್ಕೆ ನೂರರ ಆಸುಪಾಸು ಪ್ಲಾಸ್ಟಿಕ್ ಚೀಲ ಬೇಕು. ಕಸವೂ ಕಡಿಮೆ, ಕೈಗೆ ಕಾಸೂ ಬಂತು, ಮರ ಕಡಿದು ಮಾರುವ ಒತ್ತಡವೂ ಇಳಿಯಿತು. ಕಟ್ಟಿಗೆ ಉಳಿಸುವ ‘ಬಿಂದೆ’ ಎಂಬ ಮಣ್ಣಿನ ಒಲೆಯನ್ನೂ ಇದೇ ಯೋಜನೆ ಮನೆಮನೆಗೆ ತಲುಪಿಸಿತು. ಕೋತಿಯ ಹೆಸರನ್ನೇ ಎತ್ತದೆ ಒಲೆ ಹಂಚುವುದು ಸಂರಕ್ಷಣೆ ಹೇಗಾದೀತು ಎಂದು ಯಾರಾದರೂ ಕೇಳಿದರೆ, ಒಲೆಗೆ ಕಟ್ಟಿಗೆ ಬರುತ್ತಿದ್ದದ್ದು ಆ ಕೋತಿಯ ಮನೆಯಿಂದ ಎಂದಷ್ಟೇ ಹೇಳಿದರೆ ಸಾಕು.

ಇಷ್ಟೆಲ್ಲ ಇರುವಾಗ ‘ಮುನ್ನಡೆಸುವುದು’ ಎಂಬ ಮಾತಿನ ಅರ್ಥವೇನು? ದಿನದ ಬಹುಪಾಲು ಹೋಗುವುದು ಅನುದಾನದ ಅರ್ಜಿ, ಸ್ವಯಂಸೇವಕರ ತರಬೇತಿ, ಶಾಲೆಗಳ ವೇಳಾಪಟ್ಟಿ, ಪ್ರಾಣಿಪಾಲಕರು ಮತ್ತು ಪಶುವೈದ್ಯರ ಜೊತೆಗಿನ ಮಾತುಕತೆಗಳಲ್ಲಿ. ಅದು ಯಾವ ಕಚೇರಿಯಲ್ಲೂ ಇದ್ದದ್ದೇ. ಈ ಹುದ್ದೆಗೆ ವಿಶೇಷವಾದದ್ದು ಕೇಳುವ ಕ್ರಮ. ಭಿತ್ತಿಪತ್ರ ಅಚ್ಚು ಹಾಕಿಸುವ ಮೊದಲು ಮೂರು ಪ್ರಶ್ನೆಗಳು ಇತ್ಯರ್ಥವಾಗಬೇಕು: ಯಾವ ಪ್ರಾಣಿಗೆ ಯಾರ ಯಾವ ಕೆಲಸದಿಂದ ಅಪಾಯ? ಅವರು ಅದನ್ನು ಯಾಕೆ ಮಾಡುತ್ತಿದ್ದಾರೆ? ಬಿಟ್ಟರೆ ಅವರಿಗೆ ಏನು ನಷ್ಟ? ಮೂರನೆಯ ಪ್ರಶ್ನೆಗೆ ಉತ್ತರ ಸಿಗುವುದು ಹಳ್ಳಿಯ ಜಗಲಿಯಲ್ಲಿ ಕೂತು ಕಿವಿಗೊಟ್ಟಾಗ ಮಾತ್ರ. ಆಮೇಲೆ ಅಳೆಯುವ ಕೆಲಸ. ಎಷ್ಟು ಶಿಬಿರ ಮಾಡಿದೆವು, ಎಷ್ಟು ಮಕ್ಕಳು ಬಂದರು ಎಂದು ವರದಿ ತುಂಬಿಸುವುದು ಸುಲಭ. ಎಷ್ಟು ಮಂದಿ ಬೇರೆ ರೀತಿ ನಡೆದುಕೊಂಡರು, ಕಾಡಿನಲ್ಲಿ ಪ್ರಾಣಿ ಹೆಚ್ಚಿತೇ ಎಂಬುದನ್ನು ಹೇಳಬೇಕಾದರೆ ಮೊದಲ ದಿನದಿಂದಲೇ ಲೆಕ್ಕ ಇಟ್ಟಿರಬೇಕು.

ಬ್ರೆಜಿಲ್‌ನ ಅಟ್ಲಾಂಟಿಕ್ ಕಾಡಿನ ಗೋಲ್ಡನ್ ಲಯನ್ ಟ್ಯಾಮರಿನ್ ಎಂಬ ಹೊಂಬಣ್ಣದ ಕೇಸರವುಳ್ಳ ಪುಟ್ಟ ಕೋತಿಯ ಕಥೆಯಲ್ಲಿ ಈ ಲೆಕ್ಕ ಸಿಗುತ್ತದೆ. 1970ರ ದಶಕದ ಆರಂಭದಲ್ಲಿ ಕಾಡಿನಲ್ಲಿ ಉಳಿದಿದ್ದವು ಸುಮಾರು 200. ವಾಷಿಂಗ್ಟನ್‌ನ ರಾಷ್ಟ್ರೀಯ ಮೃಗಾಲಯದ ಡೆವ್ರಾ ಕ್ಲೈಮನ್ ಹಲವು ಮೃಗಾಲಯಗಳನ್ನು ಜೊತೆಗೂಡಿಸಿ ಅವುಗಳ ಸಂತಾನ ಬೆಳೆಸಿದರು, 1984ರಿಂದ ಕಾಡಿಗೆ ಬಿಡತೊಡಗಿದರು. ಮೊದಮೊದಲು ಬಿಟ್ಟವುಗಳಲ್ಲಿ ಬಹಳಷ್ಟು ಸತ್ತವು. ಆವರಣದಲ್ಲಿ ಹುಟ್ಟಿದವಕ್ಕೆ ಅಲುಗಾಡುವ ಕೊಂಬೆಯ ಮೇಲೆ ಓಡಾಡಲು, ಆಹಾರ ಹುಡುಕಲು ಬರುತ್ತಿರಲಿಲ್ಲ. ಅದೇ ಹೊತ್ತಿಗೆ ಲೂ ಆನ್ ಡೀಟ್ಸ್ ಸ್ಥಳೀಯರ ಜೊತೆ ಶಿಕ್ಷಣ ಕಾರ್ಯಕ್ರಮ ಕಟ್ಟುತ್ತಿದ್ದರು. ಉಳಿದಿದ್ದ ಕಾಡಿನ ತುಂಡುಗಳಲ್ಲಿ ಬಹಳಷ್ಟು ಖಾಸಗಿ ಜಮೀನುಗಳಲ್ಲಿದ್ದವು. ರೈತರು ಒಪ್ಪದಿದ್ದರೆ ಕೋತಿಗೆ ಮನೆಯೇ ಇಲ್ಲ. ಒಬ್ಬೊಬ್ಬರಾಗಿ ಒಪ್ಪಿದರು, ತಮ್ಮ ಕಾಡಿನ ತುಂಡಿಗೆ ಕೋತಿಗಳನ್ನು ಬರಮಾಡಿಕೊಂಡರು.

1992ರಲ್ಲಿ ಆ ನೆಲದಲ್ಲೇ ‘ಮಿಕೊ ಲಿಯಾವ್ ಡೊರಾಡೊ’ ಸಂಘ ಹುಟ್ಟಿತು, ನಡೆಸುವವರು ಬ್ರೆಜಿಲಿನವರೇ. ಹಳದಿ ಜ್ವರ ಬಡಿದು 3,700ರಷ್ಟಿದ್ದ ಸಂಖ್ಯೆ 2,500ಕ್ಕೆ ಇಳಿದಾಗಲೂ ಆ ಸಂಘ ಅಲ್ಲೇ ನಿಂತಿತ್ತು. ಹೆದ್ದಾರಿಯೊಂದು ಸೀಳಿದ ಕಾಡನ್ನು ಮತ್ತೆ ಕೂಡಿಸಲು, ವಾಹನಗಳ ಮೇಲಿನಿಂದ ಹಾದುಹೋಗುವ ಗಿಡಮರಗಳ ಸೇತುವೆಯೊಂದು 2020ರಲ್ಲಿ ಸಿದ್ಧವಾಯಿತು. 2023ರ ಎಣಿಕೆಯಲ್ಲಿ ಕೋತಿಗಳು ಸುಮಾರು 4,800. ಎಣಿಕೆಯನ್ನು ಪ್ರಕಟಿಸಿದ್ದು ಆ ಸಂಘ. ‘ಸಮುದಾಯವು’ ಎಂಬ ಪ್ರಥಮಾ ವಿಭಕ್ತಿ ಅಲ್ಲಿ ಬಂದಿದೆ.