ಪದ ಪರಿಚಯ: ಪಾಯಿಂಟ್ ಅಂಡ್ ಕ್ಲಿಕ್ ಅಡ್ವೆಂಚರ್

2022ರ ಏಪ್ರಿಲ್ 1ರಂದು ಹಳೆಯ ಗೇಮ್ ಡಿಸೈನರ್ ರಾನ್ ಗಿಲ್ಬರ್ಟ್ ಒಂದು ಸುದ್ದಿ ಕೊಟ್ಟರು. ತಾವೇ 1990ರಲ್ಲಿ ಶುರು ಮಾಡಿದ ಕಡಲ್ಗಳ್ಳರ ಕಥೆಯ ಸರಣಿಯಲ್ಲಿ ಮತ್ತೊಂದು ಮಂಕಿ ಐಲ್ಯಾಂಡ್ ಗೇಮ್ ಮಾಡುತ್ತಿದ್ದೇನೆ ಅಂತ. ತಾರೀಖು ನೋಡಿ ಎಷ್ಟೋ ಜನ ನಂಬಲೇ ಇಲ್ಲ. ಏಪ್ರಿಲ್ 4ಕ್ಕೆ 'ರಿಟರ್ನ್ ಟು ಮಂಕಿ ಐಲ್ಯಾಂಡ್' ಎಂಬ ಹೆಸರಿನ ಜೊತೆ ಟೀಸರ್ ಬಂದ ಮೇಲೇ ಇದು ನಿಜ ಅಂತ ಖಾತ್ರಿಯಾಗಿದ್ದು. ಅಲ್ಲಿಂದ ಸೆಪ್ಟೆಂಬರ್ 19ರ ಬಿಡುಗಡೆವರೆಗೆ ಹಳೆಯ ಅಭಿಮಾನಿಗಳು ದಿನ ಎಣಿಸುತ್ತಾ ಕೂತರು. ಈಗ ಗೇಮ್ ಆಡುವ ಹುಡುಗರಿಗೆ ಇದು ವಿಚಿತ್ರ ಅನ್ನಿಸಬಹುದು. ಇದರಲ್ಲಿ ಗುಂಡು ಹಾರಿಸುವುದಿಲ್ಲ, ರೇಸ್ ಇಲ್ಲ, ಜೊತೆಗೆ ಆಡುವ ಗೆಳೆಯರೂ ಇಲ್ಲ. ಇಂಥ ಆಟಕ್ಕೆ, ಅದೂ ಒಬ್ಬ ವ್ಯಕ್ತಿಯ ಹೆಸರಿನ ಮೇಲೆ, ಇಷ್ಟು ವರ್ಷ ಯಾಕೆ ಕಾಯುತ್ತಾರೆ? ಉತ್ತರ ಈ ಬಗೆಯ ಗೇಮ್ ನಡೆಯುವ ರೀತಿಯಲ್ಲೇ ಇದೆ.

ಪಾಯಿಂಟ್ ಅಂಡ್ ಕ್ಲಿಕ್ ಅಡ್ವೆಂಚರ್ ಅಂದರೆ ಕಥೆಯೊಳಗೆ ಓಡಾಡುತ್ತಾ ಸಮಸ್ಯೆಗಳನ್ನು ಬಿಡಿಸುವ ಆಟ. ಪರದೆಯ ಮೇಲೆ ಒಂದು ಜಾಗ ಕಾಣುತ್ತದೆ. ಮೌಸ್‌ನಿಂದ ಒಂದು ವಸ್ತುವನ್ನು ತೋರಿಸಿ ಒತ್ತಿದರೆ ನಿಮ್ಮ ಪಾತ್ರ ಅಲ್ಲಿಗೆ ಹೋಗಿ ಅದನ್ನು ನೋಡುತ್ತದೆ, ಎತ್ತಿಕೊಳ್ಳುತ್ತದೆ, ಇಲ್ಲವೇ ಎದುರಿಗಿರುವವರ ಜೊತೆ ಮಾತಾಡುತ್ತದೆ. ಎತ್ತಿಕೊಂಡದ್ದೆಲ್ಲ ಜೇಬಿಗೆ ಬೀಳುತ್ತದೆ. ಇದಕ್ಕೆ ಇನ್ವೆಂಟರಿ ಅನ್ನುತ್ತಾರೆ. ಜೇಬಿನಲ್ಲಿರುವ ಹಗ್ಗ, ಬಾಳೆಹಣ್ಣು, ಸಲಿಕೆ ಇವನ್ನೆಲ್ಲ ಎಲ್ಲಿ, ಯಾವುದರ ಮೇಲೆ ಬಳಸಬೇಕು ಅಂತ ಯೋಚಿಸುವುದೇ ಆಟ. ಕೈಚಳಕ ಬೇಕಾಗಿಲ್ಲ. ಟೈಮರ್ ಸಾಮಾನ್ಯವಾಗಿ ಇರುವುದಿಲ್ಲ. ಅರ್ಧ ಗಂಟೆ ಸುಮ್ನೆ ಕೂತು ಯೋಚಿಸಿದರೂ ಆಟ ನಿಮಗಾಗಿ ಕಾಯುತ್ತದೆ.

ಹೆಸರಿನ ಮೂಲ 1970ರ ದಶಕದಲ್ಲಿದೆ. ವಿಲ್ ಕ್ರೌಥರ್ ಎಂಬ ಪ್ರೋಗ್ರಾಮರ್‌ಗೆ ಗುಹೆಗಳಲ್ಲಿ ಅಲೆಯುವ ಹುಚ್ಚು. ಅಮೆರಿಕದ ಕೆಂಟಕಿಯ ಮ್ಯಾಮತ್ ಕೇವ್ ಗುಹೆಗಳನ್ನು ನೆನಪಿಟ್ಟುಕೊಂಡು, ಬರೀ ಅಕ್ಷರಗಳಲ್ಲೇ ನಡೆಯುವ ಒಂದು ಆಟ ಬರೆದರು. 1977ರಲ್ಲಿ ಸ್ಟ್ಯಾನ್‌ಫರ್ಡ್‌ನ ಡಾನ್ ವುಡ್ಸ್ ಅದನ್ನು ಬೆಳೆಸಿದರು. ಅದರ ಹೆಸರೇ 'ಅಡ್ವೆಂಚರ್'. 1980ರಲ್ಲಿ ರಾಬರ್ಟಾ ವಿಲಿಯಮ್ಸ್ ಮತ್ತು ಕೆನ್ ವಿಲಿಯಮ್ಸ್ ದಂಪತಿ 'ಮಿಸ್ಟರಿ ಹೌಸ್' ಗೇಮ್‌ನಲ್ಲಿ ಚಿತ್ರ ಸೇರಿಸಿದರು. ಆದರೂ ಏನು ಮಾಡಬೇಕೆಂದು ಟೈಪ್ ಮಾಡಿಯೇ ಹೇಳಬೇಕಿತ್ತು. ನೀವು ಬರೆದ ಪದ ಕಂಪ್ಯೂಟರ್‌ಗೆ ಗೊತ್ತಿಲ್ಲದಿದ್ದರೆ, ಉತ್ತರ ಹೊಳೆದಿದ್ದರೂ ಬಾಗಿಲು ತೆಗೆಯುತ್ತಿರಲಿಲ್ಲ.

ಆ ತಲೆನೋವನ್ನು ಕಳೆದವರಲ್ಲಿ ಗಿಲ್ಬರ್ಟ್ ಮುಖ್ಯರು. 1987ರಲ್ಲಿ ಲ್ಯೂಕಸ್‌ಫಿಲ್ಮ್ ಗೇಮ್ಸ್‌ನಲ್ಲಿ ಗ್ಯಾರಿ ವಿನಿಕ್ ಜೊತೆ 'ಮೇನಿಯಾಕ್ ಮ್ಯಾನ್ಷನ್' ಮಾಡಿದಾಗ, ತೆರೆ, ಮುಚ್ಚು, ತಳ್ಳು, ಎಳೆ ಎಂಬ ಕ್ರಿಯಾಪದಗಳನ್ನೇ ಪರದೆಯ ಕೆಳಗೆ ಜೋಡಿಸಿಟ್ಟರು. ಅವನ್ನು ಒತ್ತಿದರಾಯಿತು. ಅದಕ್ಕಾಗಿ ಬರೆದ ವ್ಯವಸ್ಥೆಗೆ ಸ್ಕಮ್ ಅಂತ ಹೆಸರು. ಆಮೇಲೆ ಹತ್ತು ವರ್ಷ ಆ ಕಂಪನಿಯ ಅಡ್ವೆಂಚರ್ ಗೇಮ್‌ಗಳೆಲ್ಲ ಹೆಚ್ಚುಕಡಿಮೆ ಅದರ ಮೇಲೇ ನಿಂತವು.

ಆದರೆ ನನ್ನ ಪ್ರಕಾರ ಗಿಲ್ಬರ್ಟ್ ಅವರ ದೊಡ್ಡ ಕೊಡುಗೆ ಕ್ರಿಯಾಪದಗಳ ಪಟ್ಟಿಯಲ್ಲ. 1989ರಲ್ಲಿ ಅವರು ಒಂದು ಲೇಖನ ಬರೆದರು. ಅಡ್ವೆಂಚರ್ ಗೇಮ್‌ಗಳು ಯಾಕೆ ಇಷ್ಟು ಕೆಟ್ಟದಾಗಿವೆ ಎಂಬುದೇ ವಿಷಯ. ಆಗಿನ ಗೇಮ್‌ಗಳು ಆಡುವವರಿಗೆ ಮಾಡುತ್ತಿದ್ದ ಅನ್ಯಾಯಗಳನ್ನು ಅದರಲ್ಲಿ ಒಂದೊಂದಾಗಿ ಹಿಡಿದು ತೋರಿಸಿದರು. ಬೀಗ ಕಾಣುವ ಮೊದಲೇ ಬೀಗದ ಕೈ ಸಿಗಬಾರದು, ಯಾಕಂದರೆ ಯಾತಕ್ಕೆ ಅಂತ ಗೊತ್ತಿಲ್ಲದ ವಸ್ತು ಕೈಯಲ್ಲಿದ್ದರೆ ಅದು ಸಮಸ್ಯೆಯೇ ಅಲ್ಲ. ಸತ್ತು ಸತ್ತು ಕಲಿಯುವ ಹಾಗೆ ಇರಬಾರದು. ಎಲ್ಲೋ ಹಿಂದೆ ಒಂದು ವಸ್ತು ಎತ್ತಿಕೊಳ್ಳಲಿಲ್ಲ ಅಂತ ಗಂಟೆಗಟ್ಟಲೆ ಆಡಿದ ಮೇಲೆ ದಾರಿ ಮುಚ್ಚಬಾರದು.

ಈ ಕೊನೆಯದು ಎಷ್ಟು ಕ್ರೂರವಾಗಿರುತ್ತಿತ್ತು ಅನ್ನುವುದಕ್ಕೆ 1990ರ 'ಕಿಂಗ್ಸ್ ಕ್ವೆಸ್ಟ್ 5' ಸಾಕು. ಅದರಲ್ಲಿ ಒಂದು ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ. ಕೆಲವೇ ಕ್ಷಣ. ಆಗ ಏನಾದರೂ ಎಸೆದು ಇಲಿಯನ್ನು ಉಳಿಸದಿದ್ದರೆ, ಎಷ್ಟೋ ಹೊತ್ತಿನ ನಂತರ ನಿಮ್ಮನ್ನು ಕಟ್ಟಿಹಾಕಿದಾಗ ಹಗ್ಗ ಕಡಿಯಲು ಆ ಇಲಿ ಬರುವುದಿಲ್ಲ. ಅಲ್ಲಿಗೆ ಆಟ ಮುಗಿಯಿತು. ನೀವು ಆಗಲೇ ಸೋತಿದ್ದಿರಿ, ಆದರೆ ಯಾರೂ ಹೇಳಿರಲಿಲ್ಲ. ಗಿಲ್ಬರ್ಟ್ ಅವರ ಮೇನಿಯಾಕ್ ಮ್ಯಾನ್ಷನ್‌ನಲ್ಲೂ ಇಂಥ ಮುಚ್ಚಿದ ದಾರಿಗಳಿದ್ದವು. 1990ರಲ್ಲಿ 'ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್' ಬಂದಾಗ ಅವು ಇರಲಿಲ್ಲ. ಟಿಮ್ ಶೇಫರ್ ಮತ್ತು ಡೇವ್ ಗ್ರಾಸ್‌ಮನ್ ಜೊತೆ ಬರೆದ ಆಟ ಅದು. ಅದರಲ್ಲಿ ಸಾಯುವುದೂ ಹೆಚ್ಚುಕಡಿಮೆ ಅಸಾಧ್ಯ. ನಾಯಕ ಗೈಬ್ರಷ್ ತಾನು ಹತ್ತು ನಿಮಿಷ ಉಸಿರು ಹಿಡಿಯಬಲ್ಲೆ ಅಂತ ಜಂಬ ಕೊಚ್ಚುತ್ತಾನೆ. ಒಂದು ಕಡೆ ಅವನನ್ನು ನೀರಿಗೆ ತಳ್ಳುತ್ತಾರೆ. ನಿಜವಾಗಿ ಹತ್ತು ನಿಮಿಷ ನೀವು ಏನೂ ಮಾಡದೆ ಕೂತರೆ ಮಾತ್ರ ಸಾಯುತ್ತಾನೆ!

ಇದೇ ಆಟದ ಕತ್ತಿವರಸೆ ನೋಡಿ. ಅಲ್ಲಿ ಗೆಲ್ಲುವುದು ಕತ್ತಿಯಿಂದಲ್ಲ, ಬೈಗುಳದಿಂದ. ಎದುರಾಳಿ ಒಂದು ಚುಚ್ಚುಮಾತು ಎಸೆಯುತ್ತಾನೆ, ನೀವು ಅದಕ್ಕೆ ತಕ್ಕ ತಿರುಗೇಟು ಕೊಡಬೇಕು. ದಾರಿಯಲ್ಲಿ ಸಿಗುವ ಕಡಲ್ಗಳ್ಳರ ಹತ್ತಿರ ಸೋತು ಸೋತು ಬೈಗುಳ ಕಲಿಯುತ್ತೀರಿ. ಕೊನೆಗೆ ದ್ವೀಪದ ಅತಿ ದೊಡ್ಡ ಕತ್ತಿಗಾರ್ತಿಯ ಮುಂದೆ ನಿಂತರೆ, ಅವಳು ನೀವು ಕೇಳೇ ಇಲ್ಲದ ಬೈಗುಳಗಳನ್ನು ತೆಗೆಯುತ್ತಾಳೆ. ಕಲಿತ ತಿರುಗೇಟುಗಳಲ್ಲೇ ಯಾವುದು ಇದಕ್ಕೂ ಒಪ್ಪುತ್ತದೆ ಅಂತ ಆ ಕ್ಷಣದಲ್ಲಿ ಹುಡುಕಬೇಕು. ಬಾಯಿಪಾಠ ಮಾಡಿದ್ದು ಸಾಲದು, ಅರ್ಥ ಆಗಿರಬೇಕು. ಪಜ಼ಲ್ ಕಟ್ಟುವುದು ಅಂದರೆ ಇದು.

ನಮ್ಮ ಒಗಟುಗಳೂ ಹೀಗೇ ಅಲ್ವಾ? 'ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ' ಅಂದಾಗ ತಲೆ ಕೆರೆದುಕೊಳ್ಳುತ್ತೇವೆ. ಮಲ್ಲಿಗೆ ಅಂತ ಗೊತ್ತಾದ ಕೂಡಲೇ 'ಅಯ್ಯೋ, ಹೌದಲ್ಲ' ಅನ್ನುತ್ತೇವೆ. ಆ 'ಹೌದಲ್ಲ' ಬರದೆ ಹೋದರೆ ಕೇಳಿದವರು ಮೋಸ ಮಾಡಿದರು ಅಂತಲೇ ಅರ್ಥ. ಅಡ್ವೆಂಚರ್ ಗೇಮ್‌ನಲ್ಲಿ ಗಂಟೆಗಟ್ಟಲೆ ಸಿಕ್ಕಿಹಾಕಿಕೊಂಡು ಕೂತವನಿಗೆ ಬೇಕಾಗಿರುವುದೂ ಇಷ್ಟೇ. ಉತ್ತರ ಕಣ್ಣೆದುರೇ ಇದೆ, ಇದನ್ನು ಕಟ್ಟಿದವರು ನನಗೆ ಮೋಸ ಮಾಡಿಲ್ಲ ಎಂಬ ನಂಬಿಕೆ. ಆ ನಂಬಿಕೆ ಕಂಪನಿಯ ಮೇಲಲ್ಲ, ಗ್ರಾಫಿಕ್ಸ್ ಮೇಲಲ್ಲ, ಕಟ್ಟಿದ ವ್ಯಕ್ತಿಯ ಮೇಲೆ. ಹಳೆಯ ಡಿಸೈನರ್ ಹೊಸ ಗೇಮ್ ಮಾಡುತ್ತಾರೆ ಅಂದ ತಕ್ಷಣ ಜನ ಎದ್ದು ಕೂರುವುದು ಇದಕ್ಕೇ.

ಆ ನಂಬಿಕೆ ಮುರಿದಾಗ ಹುಟ್ಟಿದ ಪದ ಮೂನ್ ಲಾಜಿಕ್. ಚಂದ್ರಲೋಕದಲ್ಲಷ್ಟೇ ನಡೆಯುವ ತರ್ಕ. 1999ರ 'ಗೇಬ್ರಿಯಲ್ ನೈಟ್ 3'ರಲ್ಲಿ ಗೆಳೆಯನ ವೇಷ ಹಾಕಿ ಬೈಕ್ ಬಾಡಿಗೆಗೆ ತೆಗೆದುಕೊಳ್ಳಬೇಕು. ಅದಕ್ಕೆ ಬೆಕ್ಕಿನ ಕೂದಲನ್ನು ಟೇಪಿನಲ್ಲಿ ಹಿಡಿದು, ಸಿರಪ್ ಹಚ್ಚಿ ಮೀಸೆ ಅಂಟಿಸಿಕೊಳ್ಳಬೇಕು. ಆ ಗೆಳೆಯನಿಗೆ ಮೀಸೆಯೇ ಇಲ್ಲ! ಅವನ ಪಾಸ್‌ಪೋರ್ಟ್ ಫೋಟೋಗೂ ಪೆನ್ನಿನಲ್ಲಿ ಮೀಸೆ ಬರೆಯಬೇಕು. ಗಿಲ್ಬರ್ಟ್ ಕೂಡ ಇದರಿಂದ ಪೂರ್ತಿ ಪಾರಾಗಿಲ್ಲ. 1991ರ 'ಮಂಕಿ ಐಲ್ಯಾಂಡ್ 2'ರಲ್ಲಿ ಒಂದು ಕೋತಿಯನ್ನು ಮೈಮರೆಸಿ ಜೇಬಿಗೆ ಹಾಕಿಕೊಂಡು, ಅದನ್ನೇ ಸ್ಪ್ಯಾನರ್ ಹಾಗೆ ಬಳಸಿ ಪಂಪ್ ತಿರುಗಿಸಬೇಕು. ಅಮೆರಿಕದಲ್ಲಿ ಆ ಬಗೆಯ ಸ್ಪ್ಯಾನರ್‌ಗೆ ಮಂಕಿ ರೆಂಚ್ ಅನ್ನುತ್ತಾರೆ. ಆ ಮಾತು ಬಳಕೆಯಲ್ಲಿಲ್ಲದ ಕಡೆ ಆಡಿದವರಿಗೆ ಇದು ಹೊಳೆಯುವ ದಾರಿಯೇ ಇರಲಿಲ್ಲ.

ಇನ್ನು ಗಿಲ್ಬರ್ಟ್ ಹೆಸರಿಗೇ ಯಾಕೆ ಕಾದರು ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಎರಡನೇ ಆಟ ಒಂದು ಅಮ್ಯೂಸ್‌ಮೆಂಟ್ ಪಾರ್ಕ್‌ನಲ್ಲಿ, ಯಾರೂ ಎಣಿಸದ ತಿರುವಿನಲ್ಲಿ ಮುಗಿಯುತ್ತದೆ. ಇದುವರೆಗೆ ನಡೆದದ್ದು ನಿಜವೋ ಕಲ್ಪನೆಯೋ ಎಂಬ ಪ್ರಶ್ನೆ ಹಾಗೇ ಉಳಿಯಿತು. ಉತ್ತರ ಹೇಳುವ ಮೊದಲೇ, 1992ರಲ್ಲಿ, ಗಿಲ್ಬರ್ಟ್ ಕಂಪನಿ ಬಿಟ್ಟು ಮಕ್ಕಳ ಗೇಮ್ ಮಾಡಲು ಹೊರಟರು. ಮುಂದಿನ ಮಂಕಿ ಐಲ್ಯಾಂಡ್‌ಗಳನ್ನು ಬೇರೆಯವರು ಮಾಡಿದರು. 1997ರದ್ದಂತೂ ಬಹಳ ಚೆನ್ನಾಗಿದೆ. ಆದರೂ ಆ ಕೊನೆಯ ದೃಶ್ಯಕ್ಕೆ ಅದನ್ನು ಬರೆದವರ ಉತ್ತರ ಏನು ಎಂಬ ಕುತೂಹಲ ಮೂವತ್ತು ವರ್ಷ ಆರಲಿಲ್ಲ.

ಅಷ್ಟರಲ್ಲಿ ಈ ಬಗೆಯ ಗೇಮ್‌ಗೇ ಮಾರುಕಟ್ಟೆ ಇಲ್ಲದ ಹಾಗಾಯಿತು. ಪಬ್ಲಿಷರ್‌ಗಳು ದುಡ್ಡು ಹಾಕಲು ಹಿಂಜರಿದರು. 2012ರ ಫೆಬ್ರವರಿಯಲ್ಲಿ ಟಿಮ್ ಶೇಫರ್, ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಜಾಲತಾಣದ ಮೂಲಕ ನೇರವಾಗಿ ಅಭಿಮಾನಿಗಳನ್ನೇ 4 ಲಕ್ಷ ಡಾಲರ್ ಕೇಳಿದರು. ಒಂದು ದಿನ ಕಳೆಯುವ ಮೊದಲೇ ಅಷ್ಟೂ ಬಂತು. ಕೊನೆಗೆ ಸೇರಿದ್ದು 33 ಲಕ್ಷ ಡಾಲರ್‌ಗೂ ಜಾಸ್ತಿ, ಕೊಟ್ಟವರು 87 ಸಾವಿರಕ್ಕೂ ಹೆಚ್ಚು ಜನ. ಆಗ ಗೇಮ್‌ಗೆ ಕಥೆಯೂ ಇರಲಿಲ್ಲ, ಹೆಸರೂ ಇರಲಿಲ್ಲ. ಅದು ಮುಂದೆ 'ಬ್ರೋಕನ್ ಏಜ್' ಆಗಿ 2014 ಮತ್ತು 2015ರಲ್ಲಿ ಎರಡು ಭಾಗಗಳಲ್ಲಿ ಬಂತು. ಗಿಲ್ಬರ್ಟ್ ಮತ್ತು ವಿನಿಕ್ ಕೂಡ 2014ರಲ್ಲಿ ಇದೇ ದಾರಿ ಹಿಡಿದು 6 ಲಕ್ಷ ಡಾಲರ್‌ಗೂ ಹೆಚ್ಚು ಕೂಡಿಸಿ, 2017ರಲ್ಲಿ 'ಥಿಂಬಲ್‌ವೀಡ್ ಪಾರ್ಕ್' ತಂದರು. ಹಳೆಯ ಕ್ರಿಯಾಪದಗಳ ಪಟ್ಟಿ, ದಪ್ಪ ಪಿಕ್ಸೆಲ್ ಎಲ್ಲ ಮರಳಿ ಬಂದವು.

ಹಾಗಾಗಿ 2022ರಲ್ಲಿ ಎಲ್ಲರೂ ಮತ್ತೆ ಪಿಕ್ಸೆಲ್ ಚಿತ್ರಗಳನ್ನೇ ನಿರೀಕ್ಷಿಸಿದ್ದರು. ಗಿಲ್ಬರ್ಟ್ ಅವರೇ 2013ರಲ್ಲಿ ಹಾಗೆ ಮಾಡುವ ಆಸೆ ಹೇಳಿಕೊಂಡಿದ್ದರು. ಆದರೆ ಬಂದದ್ದು ಕಲಾವಿದ ರೆಕ್ಸ್ ಕ್ರೌಲ್ ಅವರ ಕೈಯ, ಕಾಗದ ಕತ್ತರಿಸಿ ಮಾಡಿದಂತಿರುವ ಚೂಪು ಚೂಪು ಚಿತ್ರ. ಕೆಲವರು ಸಿಟ್ಟಾದರು. ಇಷ್ಟವಾಗಲಿಲ್ಲ ಅನ್ನುವುದು ಸರಿ, ಆದರೆ ವೈಯಕ್ತಿಕವಾಗಿ ಬೈಯುವ ಮಟ್ಟಕ್ಕೆ ಇಳಿದರು. ಗಿಲ್ಬರ್ಟ್ ಆ ಗೇಮ್ ಬಗ್ಗೆ ಬರೆಯುವುದನ್ನೇ ನಿಲ್ಲಿಸಿಬಿಟ್ಟರು. ಇದು ನನಗೆ ಇವತ್ತಿಗೂ ಬೇಜಾರಿನ ಸಂಗತಿ. ಗಿಲ್ಬರ್ಟ್ ಅವರ ವಾದದಲ್ಲಿ ತೂಕವಿತ್ತು. 1990ರಲ್ಲಿ ಅವರು ಹಳೇ ಕಾಲದ ಗೇಮ್ ಮಾಡಲು ಹೊರಟಿರಲಿಲ್ಲ, ಆಗಿನ ಕಂಪ್ಯೂಟರ್‌ನಲ್ಲಿ ಸಾಧ್ಯವಿದ್ದ ಅತ್ಯುತ್ತಮ ಚಿತ್ರ ಬಳಸಿದ್ದರು. ಪಿಕ್ಸೆಲ್ ಆಗಿನ ಮಿತಿ, ನಾವು ಅದನ್ನೇ ಪ್ರೀತಿಸಿಬಿಟ್ಟೆವು. ಒಬ್ಬರ ಮೇಲಿನ ನಂಬಿಕೆಯಿಂದ ಕಾಯುತ್ತಿದ್ದೇವೆ ಅಂತಾದರೆ, ಅವರು ಬೇರೆ ದಾರಿ ಹಿಡಿದಾಗಲೂ ಒಮ್ಮೆ ಆಡಿ ನೋಡುವಷ್ಟು ನಂಬಿಕೆ ಉಳಿಯಬೇಕು.

ಆಟ ಬಂದಾಗ ಅದು ಶುರುವಾದದ್ದು ಎರಡನೇ ಭಾಗದ ಆ ಪಾರ್ಕ್‌ನಿಂದಲೇ. ಹೇಗೆ ಅಂತ ಇಲ್ಲಿ ಹೇಳುವುದಿಲ್ಲ. ಕ್ರಿಯಾಪದಗಳ ಪಟ್ಟಿ ಇಲ್ಲ. ವಸ್ತುವಿನ ಮೇಲೆ ಮೌಸ್ ಇಟ್ಟರೆ ಗೈಬ್ರಷ್ ಏನು ಅಂದುಕೊಳ್ಳುತ್ತಿದ್ದಾನೆ ಅನ್ನುವುದೇ ಕಾಣುತ್ತದೆ. ಆಟದೊಳಗೇ ಒಂದು ಸುಳಿವಿನ ಪುಸ್ತಕವಿದೆ. ಅದು ನೇರ ಉತ್ತರ ಹೇಳದೆ, ಮೊದಲು ಸಣ್ಣ ಸುಳಿವು, ಆಮೇಲೆ ಇನ್ನೊಂದು, ಹೀಗೆ ಕೊಡುತ್ತದೆ. ಎಪ್ಪತ್ತು ಟ್ಯಾಬ್ ತೆರೆದು ಉತ್ತರ ಹುಡುಕುವ ಈ ಕಾಲಕ್ಕೆ ಅದು ತುಂಬಾ ಮರ್ಯಾದೆಯ ಏರ್ಪಾಡು ಅನ್ನಿಸಿತು.

ಈ ಬಗೆಯ ಆಟವನ್ನು ಯಾವತ್ತೂ ಮುಟ್ಟಿಲ್ಲ ಅನ್ನುವವರು ದುಡ್ಡಿಲ್ಲದೆ ಶುರು ಮಾಡಬಹುದು. 1994ರ 'ಬಿನೀತ್ ಎ ಸ್ಟೀಲ್ ಸ್ಕೈ' 2003ರಿಂದ ಉಚಿತ. ಹಳೆಯ ಅಡ್ವೆಂಚರ್‌ಗಳನ್ನು ಈಗಿನ ಯಂತ್ರಗಳಲ್ಲಿ ಓಡಿಸುವ ಸ್ಕಮ್‌ವಿಎಂ ತಂತ್ರಾಂಶವೂ ಉಚಿತ, ಆಂಡ್ರಾಯ್ಡ್ ಫೋನಿನಲ್ಲೂ ನಡೆಯುತ್ತದೆ. ಅದು ಹಿಡಿಸಿದರೆ ಮೊದಲ ಮಂಕಿ ಐಲ್ಯಾಂಡ್‌ನ 2009ರ ಸ್ಪೆಷಲ್ ಎಡಿಷನ್ ಕೊಳ್ಳಿ. ಅದರಲ್ಲಿ ಒಂದು ಕೀ ಒತ್ತಿದರೆ ಹೊಸ ಚಿತ್ರ ಹೋಗಿ 1990ರ ಚಿತ್ರ ಬರುತ್ತದೆ, ಮತ್ತೆ ಒತ್ತಿದರೆ ವಾಪಸ್. ಮೊದಲ ಸಲ ಸಿಕ್ಕಿಹಾಕಿಕೊಂಡಾಗ ಮಾತ್ರ ದಯವಿಟ್ಟು ಆ ರಾತ್ರಿಯೇ ಉತ್ತರ ಹುಡುಕಬೇಡಿ, ಆಟ ಸೇವ್ ಮಾಡಿ ಮಲಗಿ. ಎಷ್ಟೋ ಸಲ ಮರುದಿನ ಬೇರೇನೋ ಕೆಲಸ ಮಾಡುತ್ತಿರುವಾಗ ತಾನಾಗೇ ಹೊಳೆಯುತ್ತದೆ.